ಹಸಿರು ಚುಕ್ಕೆ, ಸ್ಟೀಲ್ ಲೋಟ

ನಮ್ಮ ಆಫೀಸಿನ ಗೋಡೆಯಲ್ಲಿ ಕ್ಯಾಲೆಂಡರ್ ಇದ್ದ ಮೊಳೆಗೆ ಈಗ ಒಂದು ಚಾರ್ಟು ತೂಗುತ್ತಿದೆ. ಕ್ಯಾಲೆಂಡರ್ ತೆಗೆದದ್ದಕ್ಕೇ ನನಗೆ ಅರ್ಧ ಸಿಟ್ಟು. ಅದರಲ್ಲಿ ರಜೆ ಕೆಂಪಕ್ಷರದಲ್ಲಿ ಇತ್ತು, ಏಕಾದಶಿ ಇತ್ತು, ಎಲ್ಲಿ ಭೂತಗಳ ನೇಮ, ಎಲ್ಲಿ ತೆಯ್ಯಗಳ ಕಳಿಯಾಟ ಅಂತ ನಮ್ಮ ಭಟ್ರು ಪೆನ್ಸಿಲಿನಲ್ಲಿ ಹಾಕಿದ ಗುರುತೂ ಇತ್ತು. ಚಾರ್ಟಿನಲ್ಲಿ ರಜೆಯೇ ಇಲ್ಲ. ಎಡಗಡೆ ನಮ್ಮೆಲ್ಲರ ಹೆಸರು, ಮುಂದೆ 21 ಚೌಕ. ಮೇಜು ಚೊಕ್ಕ ಇಟ್ಟವರಿಗೆ ಒಂದು ಹಸಿರು ಚುಕ್ಕೆ. ಎರಡು ಲೀಟರ್ ನೀರು ಕುಡಿದವರಿಗೆ ಒಂದು. ಪ್ಲಾಸ್ಟಿಕ್ ತರದವರಿಗೆ ಒಂದು. ಪಕ್ಕದ ಮೇಜಿನವರಿಗೆ ಒಂದು ಒಳ್ಳೆ ಮಾತು ಹೇಳಿದರೆ ಅದಕ್ಕೂ ಒಂದು. ಅಂಗನವಾಡಿ ಮಕ್ಕಳ ಕೈಗೆ ಅಂಟಿಸುತ್ತಾರಲ್ಲ, ಅದೇ ಚುಕ್ಕೆ. ನಮ್ಮಲ್ಲಿ ಕೆಲವರಿಗೆ ನಿವೃತ್ತಿ ಹತ್ತಿರ ಬಂದಿದೆ.

ತಂದವರು ಹೆಡ್ ಆಫೀಸಿನಿಂದ ಬಂದ ಒಬ್ಬ ಚಿಕ್ಕ ಪ್ರಾಯದ ಮೇಡಂ. ಒಳ್ಳೆಯವರು, ನಗುಮುಖ. ಮಧ್ಯಾಹ್ನ ಊಟ ಆದ ಮೇಲೆ, ಅಂದರೆ ಯಾರ ತಲೆಗೂ ಏನೂ ಹೋಗದ ಹೊತ್ತಿನಲ್ಲಿ, ಪರದೆ ಹಾಕಿ ತರಗತಿ ಮಾಡಿದರು. ಇಂಗ್ಲಿಷಿನಲ್ಲಿ ಶುರು ಮಾಡಿ ಮಲಯಾಳಕ್ಕೆ ಬಂದರು. ಪೆರ್ಲ, ಬದಿಯಡ್ಕ ಕಡೆಯವರ ಮುಖ ನೋಡಿ ಎರಡು ಸಾಲು ಕನ್ನಡವನ್ನೂ ಪ್ರಯತ್ನಿಸಿದರು. ಅದು ಮೆಚ್ಚಬೇಕಾದ್ದೇ, ಕಾಸರಗೋಡಿಗೆ ಬಂದು ಅಷ್ಟೂ ಮಾಡದವರು ಎಷ್ಟೋ ಮಂದಿ ಇದ್ದಾರೆ. 21 ದಿನ ಬಿಡದೆ ಮಾಡಿದರೆ ಯಾವುದೂ ಅಭ್ಯಾಸವಾಗಿಬಿಡುತ್ತದೆ ಎಂದರು. ಎಲ್ಲರೂ ತಲೆ ಆಡಿಸಿದರು. ಊಟ ಆದ ಮೇಲೆ ತಲೆ ತಾನಾಗಿಯೇ ಆಡುತ್ತದೆ.

ಈ 21 ಎಲ್ಲಿಂದ ಬಂತು ಅಂತ ನಾನು ಎಲ್ಲೋ ಓದಿದ್ದೆ. ಆದರೆ ಕೈ ಎತ್ತಿ ಹೇಳಲಿಲ್ಲ. ತರಗತಿ ಇನ್ನೂ ಅರ್ಧ ಗಂಟೆ ಮುಂದಕ್ಕೆ ಹೋಗುವುದು ಯಾರಿಗೆ ಬೇಕು? ಅಮೆರಿಕದಲ್ಲಿ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಅಂತ ಒಬ್ಬ ಪ್ಲಾಸ್ಟಿಕ್ ಸರ್ಜನ್ ಇದ್ದರು. ಮೂಗು ಸರಿ ಮಾಡಿಸಿಕೊಂಡವರಿಗೆ ಕನ್ನಡಿಯಲ್ಲಿ ಕಾಣುವ ಹೊಸ ಮುಖ ತನ್ನದೇ ಅಂತ ಅನ್ನಿಸಲು ಕಡಿಮೆಯೆಂದರೂ ಸುಮಾರು 21 ದಿನ ಬೇಕು ಎಂದು ಅವರು 1960ರ ಒಂದು ಪುಸ್ತಕದಲ್ಲಿ ಬರೆದರು. ಬಾಯಿಂದ ಬಾಯಿಗೆ ಹೋಗುವಾಗ 'ಕಡಿಮೆಯೆಂದರೂ' ಉದುರಿತು, 'ಸುಮಾರು' ಉದುರಿತು, ಕೊನೆಗೆ ಮೂಗೂ ಉದುರಿ 21 ಮಾತ್ರ ಉಳಿಯಿತು. ಆಮೇಲೆ ಲಂಡನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಜೊತೆಯವರು 96 ಮಂದಿಯನ್ನು 12 ವಾರ ನೋಡಿ, ಲೆಕ್ಕ ಹಾಕಿ, 2010ರಲ್ಲಿ ಅಚ್ಚು ಹಾಕಿಸಿದರು. ಕೆಲವರಿಗೆ 18 ದಿನ ಸಾಕು, ಕೆಲವರಿಗೆ 254 ಬೇಕು, ನಡುವಿನ ಲೆಕ್ಕ 66. ಬರೇ 12 ವಾರ ನೋಡಿದವರಿಗೆ 254 ದಿನ ಹೇಗೆ ಸಿಕ್ಕಿತು ಅಂತ ಕೇಳಬೇಡಿ. ಅದು ಗೆರೆಯನ್ನು ಮುಂದಕ್ಕೆ ಎಳೆದು ಮಾಡಿದ ಅಂದಾಜು. ಮಧ್ಯದಲ್ಲಿ ಒಂದು ದಿನ ತಪ್ಪಿದರೆ ಅಂಥ ನಷ್ಟ ಏನೂ ಇಲ್ಲ ಅಂತಲೂ ಅವರಿಗೆ ಕಂಡಿತು. ನಮ್ಮ ಚಾರ್ಟಿನಲ್ಲಿ ಮಾತ್ರ ಒಂದು ದಿನ ತಪ್ಪಿದರೆ ಕೆಂಪು ಚುಕ್ಕೆ, ಮತ್ತೆ ಮೊದಲಿನಿಂದ ಎಣಿಕೆ.

ತರಗತಿಯಲ್ಲಿ ಬಂದ ಟೊಮೆಟೊ ವಿಷಯವನ್ನು ಬೇಗ ಮುಗಿಸುತ್ತೇನೆ. ಫ್ರಾನ್ಸೆಸ್ಕೊ ಚಿರಿಲ್ಲೊ ಅಂತ ಇಟಲಿಯ ಒಬ್ಬರು ಓದುವ ಕಾಲದಲ್ಲಿ, 1980ರ ದಶಕದ ಕೊನೆಗೆ, ಟೊಮೆಟೊ ಆಕಾರದ ಅಡುಗೆಮನೆ ಗಡಿಯಾರ ಇಟ್ಟುಕೊಂಡು 25 ನಿಮಿಷ ಕೆಲಸ, 5 ನಿಮಿಷ ವಿಶ್ರಾಂತಿ ಅಂತ ಕ್ರಮ ಮಾಡಿದರಂತೆ. ಅವರ ಎದುರಿಗೆ ಕೌಂಟರ್ ಇರಲಿಲ್ಲ. ನಮ್ಮ ಕೌಂಟರಿನಲ್ಲಿ 25 ನಿಮಿಷ ಯಾರೂ ಮಾತಾಡಿಸದೆ ಇರಬೇಕಾದರೆ ಹರತಾಳವೇ ಆಗಬೇಕು. ಹೊತ್ತಿಗೆ ಸರಿಯಾಗಿ ಬರುವ ಅಭ್ಯಾಸವೂ ಅಷ್ಟೇ, ಉಪ್ಪಳ, ಮಂಜೇಶ್ವರ ಕಡೆಯವರಿಗೆ ಅದನ್ನು ರೈಲು ಕಲಿಸಿದೆ. ಬೆರಳು ಒತ್ತುವ ಯಂತ್ರ ಕಲಿಸಿದ್ದು ಬೇರೆಯೇ. ಬೆಳಗ್ಗೆ ಎದ್ದು ಅಡಿಕೆ ಸುಲಿದು ಬರುವವರ ಬೆರಳನ್ನು ಅದು ಗುರುತಿಸುವುದೇ ಇಲ್ಲ. ತೆಂಗಿನೆಣ್ಣೆ ಹಚ್ಚಿ, ಒರೆಸಿ, ಊದಿ, ಮತ್ತೆ ಒತ್ತಿ, ಅಷ್ಟರಲ್ಲಿ ಒಂಬತ್ತು ಐವತ್ತೆಂಟಕ್ಕೆ ಬಂದ ಮನುಷ್ಯ ಹತ್ತು ಐದಕ್ಕೆ ಬಂದ ಹಾಗೆ ದಾಖಲಾಗಿರುತ್ತಾನೆ.

ಹಸಿರು ಅಭ್ಯಾಸಗಳ ಕಾಲಮ್ಮಿನ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಹೇಳುವುದಿದೆ. ಎ.ಸಿ. 24ರಲ್ಲಿ ಇರಬೇಕು ಎನ್ನುತ್ತದೆ ಚಾರ್ಟು. ಇರಲಿ, 2020ರಿಂದ ಈ ದೇಶದಲ್ಲಿ ಮಾಡುವ ಎ.ಸಿ.ಗಳೇ 24ಕ್ಕೆ ಶುರುವಾಗುತ್ತವೆ. ಅದನ್ನು 18ಕ್ಕೆ ಇಳಿಸಿ ಸ್ವೆಟರ್ ಹಾಕಿ ಕೂರುವ ಒಬ್ಬರು ನಮ್ಮಲ್ಲಿದ್ದಾರೆ, ಅವರ ಹತ್ತಿರ ಮಾತಾಡಿ ಪ್ರಯೋಜನವಿಲ್ಲ. ನಾನು ಹೇಳಹೊರಟದ್ದು ಚಾ ಲೋಟದ ಸುದ್ದಿ.

ಮೊದಲು ನಮಗೆ ಹೋಟೆಲಿನಿಂದ ಫ್ಲಾಸ್ಕಿನಲ್ಲಿ ಚಾ ಬರುತ್ತಿತ್ತು, ಜೊತೆಗೆ ಪೇಪರ್ ಕಪ್ಪು. ಪೇಪರ್ ಅಂತ ಹೆಸರು, ಒಳಗೆ ಪ್ಲಾಸ್ಟಿಕ್ಕಿನ ತೆಳು ಪದರ. ಬಿಸಿ ದ್ರವ 15 ನಿಮಿಷ ಅದರಲ್ಲಿ ನಿಂತರೆ 100 ಮಿಲೀಲೀಟರಿಗೆ ಸುಮಾರು 25,000 ಪ್ಲಾಸ್ಟಿಕ್ ಕಣ ಸೇರುತ್ತದೆ ಅಂತ ಖರಗಪುರದ ಐಐಟಿಯವರು 2020ರಲ್ಲಿ ಹೇಳಿದರು. ಕೇರಳದಲ್ಲಿ ಅದೇ ವರ್ಷ ಜನವರಿ ಒಂದರಿಂದ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ಕಿಗೆ ನಿಷೇಧ ಬಂದಿತ್ತು. ಆದರೂ ನಮ್ಮ ಕಪ್ಪು ಹೇಗೋ ಉಳಿದುಕೊಂಡಿತ್ತು. ಚಾರ್ಟು ಬಂದ ಮೇಲೆ ಉಳಿಯಲಿಲ್ಲ. ಎಲ್ಲರೂ ಮನೆಯಿಂದ ಒಂದೊಂದು ಲೋಟ ತನ್ನಿ ಎಂದು ಆದೇಶವಾಯಿತು.

ಆಫೀಸಿಗೆ ಅಂದರೆ ಯಾರಾದರೂ ಒಳ್ಳೆ ಲೋಟ ಕೊಡುತ್ತಾರಾ? ಅಟ್ಟದಿಂದ ಇಳಿದದ್ದು ಬಂತು. ನಮ್ಮ ಊರಿನ ಸ್ಟೀಲ್ ಪಾತ್ರೆಗಳಿಗೆಲ್ಲ ಹೆಸರು ಕೊರೆಸುವ ಕ್ರಮ ಉಂಟಲ್ಲ, ಹಾಗಾಗಿ ಚಾ ಟೇಬಲ್ ಓದುವ ಹಾಗಾಯಿತು. ಕ್ಯಾಶಿನ ಅಕ್ಕನ ಲೋಟದಲ್ಲಿ ಅವರ ಅತ್ತೆಯ ಹೆಸರು. ಅತ್ತೆಯೊಟ್ಟಿಗೆ ಮಾತಿಲ್ಲ ಅನ್ನುವುದು ಬೇರೆ. ಚೆರ್ವತ್ತೂರಿನಿಂದ ಬರುವ ಚೇಚಿಯ ಲೋಟದಲ್ಲಿ ಮಲಯಾಳದ ಚುಕ್ಕೆ ಚುಕ್ಕೆ ಅಕ್ಷರ, ಯಾರದೋ ಮದುವೆಯ ತಾರೀಕು. ಭಟ್ರದ್ದು ಮಗನ ಉಪನಯನದ್ದು. ಪೆರ್ಲದ ಶೆಟ್ರು ತಂದ ಲೋಟದಲ್ಲಿ 'ಶ್ರೀ ಮಹಾಲಿಂಗೇಶ್ವರ ದೇವಸ್ಥಾನ' ಅಂತ ಇತ್ತು.

ಭಟ್ರು ಕನ್ನಡಕ ಏರಿಸಿ ನೋಡಿದರು. "ಶೆಟ್ರೇ, ಇದು ದೇವರದ್ದಲ್ಲವಾ ಮಾರಾಯ್ರೆ?"

"ಅಲ್ಲ ಭಟ್ರೇ, ಅಟ್ಟದಲ್ಲಿ ಇತ್ತು."

"ಅಟ್ಟಕ್ಕೆ ಹೇಗೆ ಬಂತು?"

ಹೇಗೆ ಬಂತು ಅಂತ ಶೆಟ್ರಿಗೆ ಗೊತ್ತಿದ್ದರಲ್ಲವಾ! ಬ್ರಹ್ಮಕಲಶೋತ್ಸವದ ಸಮಯ ಪಾಯಸ ತುಂಬಿಸಿ ಕೊಟ್ಟದ್ದಿರಬಹುದು ಅಂತ ಒಬ್ಬರು. ಸೇವೆ ಮಾಡಿದವರಿಗೆ ನೆನಪಿಗೆ ಅಂತ ಹಂಚಿದ್ದಿರಬಹುದು ಅಂತ ಇನ್ನೊಬ್ಬರು. ಹಂಚಿದ್ದಾದರೆ ಕೊಟ್ಟವರ ಹೆಸರೂ ಇರುತ್ತಿತ್ತು ಎಂದರು ಭಟ್ರು. ಅಂದರೆ ಏನು ಹೇಳಿದರು ಅಂತ ಎಲ್ಲರಿಗೂ ಅರ್ಥವಾಯಿತು, ಶೆಟ್ರಿಗೆ ಎಲ್ಲರಿಗಿಂತ ಮೊದಲು. ಆವತ್ತು ಅವರು ಚಾ ಕುಡಿಯಲಿಲ್ಲ. ಆದಿತ್ಯವಾರ ಲೋಟವನ್ನು ಕಾಗದದಲ್ಲಿ ಸುತ್ತಿ, ಮನೆಯ ಹತ್ತಿರದ ದೇವಸ್ಥಾನಕ್ಕೆ ಒಯ್ದರು, ಜೊತೆಗೆ ತಪ್ಪುಕಾಣಿಕೆ ನೂರು ರೂಪಾಯಿ. ಅಲ್ಲಿನ ಸಮಿತಿಯವರು ಲೋಟ ತಿರುಗಿಸಿ ನೋಡಿ, ಇದು ನಮ್ಮದಲ್ಲ, ನಮ್ಮ ಲೋಟದ ಅಕ್ಷರ ದುಂಡಗೆ, ಇದು ಚೂಪು ಎಂದರು. ನೂರು ರೂಪಾಯಿ ಮಾತ್ರ ಹುಂಡಿಗೆ ಹಾಕಿಬಿಡಿ ಎಂದರು.

ಸಮಸ್ಯೆ ನಿಮಗೆ ತಿಳಿದಿರಬಹುದು. ಲೋಟದಲ್ಲಿ ಊರಿನ ಹೆಸರಿಲ್ಲ. ಮಹಾಲಿಂಗೇಶ್ವರ ಅಡೂರಿನಲ್ಲಿಯೂ ಉಂಟು, ಗಡಿ ದಾಟಿದರೆ ಪುತ್ತೂರಿನಲ್ಲಿಯೂ ಉಂಟು, ಮಧ್ಯದ ಸಣ್ಣ ಸಣ್ಣ ಊರುಗಳಲ್ಲಿ ಇರುವುದನ್ನು ಲೆಕ್ಕ ಇಟ್ಟವರಿಲ್ಲ. ಶೆಟ್ರು ಅಕ್ಕನಿಗೆ ಫೋನು ಮಾಡಿದರು, ಅಕ್ಕ ಮುಂಬೈಯಲ್ಲಿದ್ದ ಮಾವನಿಗೆ ಮಾಡಿದರು, ಮಾವ ಅದನ್ನು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದರು. ಲೋಟದ ಫೋಟೊ ಕೇಳಿದವರು ಕೆಲವರು, ಜೋಯಿಸರ ಹತ್ತಿರ ಪ್ರಶ್ನೆಗೆ ಇಡಿ ಅಂದವರು ಕೆಲವರು, ಹಳೆಯ ಪಾಲು ಪಟ್ಟಿಯಲ್ಲಿ ಹಿತ್ತಾಳೆ ಕೊಪ್ಪರಿಗೆಯೊಂದು ಕಾಣೆಯಾದ ಸಂಗತಿಯನ್ನು ಈಗ ಎತ್ತಿದವರು ಒಬ್ಬರು. ಕೊಪ್ಪರಿಗೆ ಯಾರ ಮನೆಯಲ್ಲಿ ಉಂಟು ಅಂತ ಎಲ್ಲರಿಗೂ ಗೊತ್ತಿತ್ತಂತೆ, ಬಾಯಿಬಿಟ್ಟಿರಲಿಲ್ಲ ಅಷ್ಟೇ. ಗುಂಪಿನಿಂದ ಇಬ್ಬರು ಹೊರಗೆ ಹೋದರು. ಒಂದು ಮದುವೆ ಮಾತುಕತೆ ನಿಂತಿತು ಅಂತಲೂ ಕೇಳಿದ್ದೇನೆ, ಆದರೆ ಅದಕ್ಕೆ ಜಾತಕವೂ ಕಾರಣ ಎನ್ನುತ್ತಾರೆ. ನಮ್ಮ ಆಫೀಸಿನಲ್ಲಿ ದಿನಾ ಬೆಳಗ್ಗೆ ಶೆಟ್ರು ಬಂದ ತಕ್ಷಣ ಎಲ್ಲರೂ ಅವರ ಮೇಜಿನ ಸುತ್ತ ಸೇರಿ, ಇವತ್ತಿನ ಸುದ್ದಿ ಏನು ಅಂತ ಕೇಳುವುದೇ ಒಂದು ಕ್ರಮವಾಯಿತು. 21 ದಿನವೂ ಬೇಕಾಗಲಿಲ್ಲ ಅದಕ್ಕೆ.

ಕೊನೆಗೆ ಭಟ್ರೇ ತೀರ್ಪು ಕೊಟ್ಟರು. ದೇವರ ಲೋಟದಲ್ಲಿ ಚಾ ಕುಡಿಯಬಾರದು, ಮನೆಗೆ ಒಯ್ಯಬಾರದು, ಬಿಸಾಡಲೂಬಾರದು. ಸರಸ್ವತಿಗೆ ಸಂಬಂಧಪಟ್ಟ ಕೆಲಸಕ್ಕೆ ಆಗಬಹುದು. ಈಗ ಅದರಲ್ಲಿ ಪೆನ್ನು ಇಡುತ್ತಾರೆ. ಮೇಜು ಚೊಕ್ಕ ಇಟ್ಟದ್ದಕ್ಕೆ ಶೆಟ್ರಿಗೆ ಹಸಿರು ಚುಕ್ಕೆ ಬಿತ್ತು. ಚಾ ಕುಡಿಯಲು ಅವರು ಬೇರೆಯವರ ಲೋಟ ಖಾಲಿಯಾಗುವುದನ್ನು ಕಾಯುತ್ತಾರೆ.

ಉಳಿದ ಲೋಟಗಳು ಉಂಟಲ್ಲ, ಅವನ್ನು ತೊಳೆಯುವವರು ಯಾರು?

ತರಗತಿಯಲ್ಲಿ ಇದನ್ನು ಯಾರೂ ಕೇಳಲಿಲ್ಲ. ಪೇಪರ್ ಕಪ್ಪಿಗೆ ಈ ಪ್ರಶ್ನೆಯೇ ಇರಲಿಲ್ಲ. ಮೊದಲ ದಿನ ಎಲ್ಲರೂ ಅವರವರದ್ದು ತೊಳೆದರು, ಚುಕ್ಕೆ ಅಂಟಿಸಿಕೊಂಡರು. ಆಮೇಲೆ ಕೌಂಟರಿನಲ್ಲಿ ಸಾಲು ಇತ್ತು, ಫೋನು ಬಂತು, ನೀರು ಬರಲಿಲ್ಲ, ರೈಲಿಗೆ ಹೊತ್ತಾಯಿತು. ಸಿಂಕಿನಲ್ಲಿ ಲೋಟಗಳು ನಿಂತವು. ಮರುದಿನ ಬೆಳಗ್ಗೆ ಗುಡಿಸಿ ಒರೆಸಲು ಬರುವ ಅಕ್ಕ ನೋಡಿದರು, ತೊಳೆದರು. ಅದರ ಮರುದಿನವೂ ತೊಳೆದರು. ಈಗ ಅದು ಅವರ ಕೆಲಸ. ಅವರಿಗೆ ಸಂಬಳ ಗುಡಿಸುವುದಕ್ಕೆ, ಅದೂ ಅರ್ಧ ದಿನದ್ದು. ಮಿಲ್ಮಾ ಹಾಲಿನ ತೊಟ್ಟೆಗಳನ್ನು ತೊಳೆದು ಹಿಂದಿನ ಕಿಟಕಿಯ ಹಗ್ಗದಲ್ಲಿ ಕ್ಲಿಪ್ಪು ಹಾಕಿ ಒಣಗಿಸುವುದೂ ಅವರೇ. ತಿಂಗಳಿಗೊಮ್ಮೆ ಪ್ಲಾಸ್ಟಿಕ್ ಕಸ ಒಟ್ಟುಮಾಡುವ ಹರಿತ ಕರ್ಮಸೇನೆಯ ಹೆಂಗಸರು ಹಸಿರು ಕೋಟು ಹಾಕಿ ಬರುತ್ತಾರೆ, ಗೋಡೆಯ ಕ್ಯುಆರ್ ಕೋಡಿಗೆ ಮೊಬೈಲ್ ಹಿಡಿಯುತ್ತಾರೆ, ದುಡ್ಡು ತೆಗೆದುಕೊಂಡು ರಶೀದಿ ಕೊಡುತ್ತಾರೆ. ತೊಳೆದು ಒಣಗಿಸದ ಪ್ಲಾಸ್ಟಿಕ್ಕನ್ನು ಅವರು ಮುಟ್ಟುವುದಿಲ್ಲ, ಮುಟ್ಟಲೂಬಾರದು. ಅವರ ಮುಂದೆ ನಮ್ಮ ಮ್ಯಾನೇಜರ್ ಸಾರ್ ಎದೆ ಉಬ್ಬಿಸಿ, ನಮ್ಮ ಆಫೀಸಿನಲ್ಲಿ ಎಲ್ಲ ಕ್ಲೀನ್ ಅಂತ ಹೇಳುತ್ತಾರೆ. ಅಕ್ಕ ಆಗ ಹಿಂದೆ ಬಕೆಟ್ ಹಿಡಿದು ನಿಂತಿರುತ್ತಾರೆ. ಚಾರ್ಟಿನಲ್ಲಿ ಅವರ ಹೆಸರೇ ಇಲ್ಲ. ಕೇಳಿದ್ದಕ್ಕೆ, ಅವರು ಸ್ಟಾಫ್ ಅಲ್ಲವಲ್ಲ ಎಂದರು ಸಾರ್.

ಇದಕ್ಕೆ ನನಗೆ ಸಿಟ್ಟು ಬಂತು. ಚಾರ್ಟಿನ ಪ್ರಕಾರ ಸಿಟ್ಟು ಬಂದರೆ ಹತ್ತು ಎಣಿಸಬೇಕು. ನಾನು ಎಣಿಸಲಿಲ್ಲ, ಮಾತಾಡಿದೆ. ಹಾಗಾಗಿ ಮೀಟಿಂಗ್ ಆಯಿತು.

ದಿನಕ್ಕೊಬ್ಬರು ತೊಳೆಯುವುದು ಅಂತ ಬೇಗ ನಿರ್ಧಾರವಾಯಿತು. ಯಾರಿಂದ ಶುರು ಅನ್ನುವುದೇ ತಲೆಬಿಸಿ. ಸೀನಿಯಾರಿಟಿ ಪ್ರಕಾರ ಎಂದರು ಕಿರಿಯರು. ಪ್ರಾಯದವರಿಗೆ ಸೊಂಟ ನೋವು ಎಂದರು ಹಿರಿಯರು. ರೈಲಿನವರಿಗೆ ಸಂಜೆ ಬೇಡ, ಬಸ್ಸಿನವರಿಗೆ ಬೆಳಗ್ಗೆ ಬೇಡ. ಭಟ್ರು ಮನೆಯಿಂದ ಫ್ಲಾಸ್ಕಿನಲ್ಲಿ ಕಷಾಯ ತರುತ್ತಾರೆ, ಉಪನಯನದ ಲೋಟ ಸುಮ್ನೆ ಇಟ್ಟದ್ದು, ಆದ್ದರಿಂದ ತನಗೆ ಇದು ಅನ್ವಯಿಸುವುದಿಲ್ಲ ಎಂದರು. ಶೆಟ್ರು, ನನಗೆ ಲೋಟವೇ ಇಲ್ಲವಲ್ಲ ಎಂದರು. ಹಾಗಾದರೆ ಅಕ್ಷರಮಾಲೆ ಪ್ರಕಾರ ಎಂದರು ಮ್ಯಾನೇಜರ್. ಯಾವ ಭಾಷೆಯ ಅಕ್ಷರಮಾಲೆ ಅಂತ ಹಿಂದಿನಿಂದ ಯಾರೋ ಕೇಳಿದರು. ಈ ಊರಿನಲ್ಲಿ ಅದು ತಮಾಷೆಯ ಪ್ರಶ್ನೆಯಲ್ಲ, 1956ರ ನವೆಂಬರ್ ಒಂದಕ್ಕೆ ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಇಲ್ಲಿ ಅದನ್ನು ಕೇಳುತ್ತಲೇ ಇದ್ದೇವೆ. ಅರ್ಧ ಗಂಟೆ ಅದೇ ಹೋಯಿತು. ಕೊನೆಗೆ ನೋಡಿದರೆ, ಕನ್ನಡದಲ್ಲಿ ಹೋಗಲಿ, ಮಲಯಾಳದಲ್ಲಿ ಹೋಗಲಿ, ಇಂಗ್ಲಿಷಿನಲ್ಲಿಯೇ ಹೋಗಲಿ, ಮೊದಲು ಬರುವುದು ಹೊಸದಾಗಿ ಸೇರಿದ, 'ಅ'ದಿಂದ ಶುರುವಾಗುವ ಹೆಸರಿನ ಒಬ್ಬನೇ ಹುಡುಗ. ಆ ಹುಡುಗ ಇಷ್ಟು ಹೊತ್ತು ಬಾಯೇ ತೆರೆದಿರಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು.

ಈಗ ಹಾಜರಿ ಪುಸ್ತಕದಲ್ಲಿ ಅವನು ಇನಿಶಿಯಲ್ಲನ್ನು ಹೆಸರಿನ ಮುಂದೆ ಹಾಕಿ ಬರೆಯಲು ಶುರು ಮಾಡಿದ್ದಾನೆ. ಅವನ ಇನಿಶಿಯಲ್ 'ವಿ'.