ಮ್ಯಾನ್ಸನ್ ಖಾತೆಗೆ ಇನ್ನೊಂದು ಹೆಣ

ಚಾರ್ಲ್ಸ್ ಮ್ಯಾನ್ಸನ್ ಮತ್ತು ‘ಫ್ಯಾಮಿಲಿ’ ಎಂದು ಕರೆಸಿಕೊಂಡ ಅವನ ಹಿಂಬಾಲಕರ ಗುಂಪಿನ ಹೆಸರಿಗೆ ಕ್ಯಾಲಿಫೋರ್ನಿಯಾದ ನ್ಯಾಯಾಲಯಗಳು ಬರೆದಿಟ್ಟ ಕೊಲೆಗಳು ಒಂಬತ್ತು. 1969ರ ಜುಲೈ ಕೊನೆಯಲ್ಲಿ ಟೊಪಾಂಗಾ ಕಣಿವೆಯ ಗ್ಯಾರಿ ಹಿನ್ಮನ್; ಆಗಸ್ಟ್ 9ರ ನಸುಕಿನಲ್ಲಿ ಸಿಯೆಲೊ ಡ್ರೈವ್‌ನ ಮನೆಯಲ್ಲಿ ನಟಿ ಶರೋನ್ ಟೇಟ್ ಸೇರಿ ಐವರು; ಮರುದಿನದ ನಸುಕಿನಲ್ಲಿ ವೇವರ್ಲಿ ಡ್ರೈವ್‌ನ ಲಾಬಿಯಾಂಕಾ ದಂಪತಿ; ಆ ತಿಂಗಳ ಕೊನೆಗೆ, ಗುಂಪು ಬೀಡುಬಿಟ್ಟಿದ್ದ ಸ್ಪಾನ್ ರಾಂಚ್‌ನ ಕೆಲಸಗಾರ ಡೊನಾಲ್ಡ್ ಶೇ. ಎಲ್ಲದಕ್ಕೂ ಆರೋಪಿ ಇದ್ದಾನೆ, ಸಾಕ್ಷಿ ಇದೆ, ತೀರ್ಪೂ ಇದೆ. ಹವ್ಯಾಸಿ ಪತ್ತೇದಾರನಿಗೆ ಇದಕ್ಕಿಂತ ಸಪ್ಪೆ ಸಂಗತಿ ಇನ್ನೊಂದಿಲ್ಲ. ಒಂಬತ್ತಕ್ಕೆ ನಿಲ್ಲುವವನು ಬರೀ ಓದುಗ. ಹತ್ತರಿಂದ ಎಣಿಕೆ ಶುರುಮಾಡುವವನೇ ತಜ್ಞ.

ಹತ್ತನೆಯದನ್ನು ಹುಡುಕುವುದು ಕಷ್ಟವೇನಲ್ಲ. 1960ರ ದಶಕದ ಕೊನೆ, 70ರ ದಶಕದ ಮೊದಲಿನ ಯಾವುದಾದರೂ ಬಗೆಹರಿಯದ ಕ್ಯಾಲಿಫೋರ್ನಿಯಾ ಕೊಲೆಯನ್ನು ಎತ್ತಿಕೊಳ್ಳಿ. ಚಾಕು, ಉದ್ದ ಕೂದಲು, ಮರುಭೂಮಿ, ದಾರಿಯಲ್ಲಿ ಕೈ ಅಡ್ಡ ಹಿಡಿದು ಕಾರು ಹತ್ತಿದ ಹುಡುಗಿ, ಈ ನಾಲ್ಕರಲ್ಲಿ ಒಂದಿದ್ದರೆ ಸಾಕು. ಆಗ ಆ ರಾಜ್ಯದಲ್ಲಿದ್ದದ್ದು ಸುಮಾರು ಎರಡು ಕೋಟಿ ಜನ, ಅಪರಿಚಿತರ ಕಾರು ಹತ್ತುವುದು ಯುವಜನರ ದಿನನಿತ್ಯದ ರೂಢಿ. ಹಾಗಾಗಿ ಪಟ್ಟಿಗೆ ಬರ ಬರುವುದಿಲ್ಲ. ಮುಂದಿನದು ನಕ್ಷೆ. ಇಡೀ ರಾಜ್ಯದ್ದೇ ಬೇಕು, ಜಿಲ್ಲೆಯದು ಕೆಲಸಕ್ಕೆ ಬಾರದು. ಒಂದು ಮೀಟರ್ ಎತ್ತರದ ಕ್ಯಾಲಿಫೋರ್ನಿಯಾ ನಕ್ಷೆಯ ಮೇಲೆ ಐದು ಮಿಲಿಮೀಟರ್ ತಲೆಯ ಗುಂಡುಸೂಜಿ ಚುಚ್ಚಿದರೆ ಅದೊಂದೇ ಸುಮಾರು ಐದು ಕಿಲೋಮೀಟರ್ ನೆಲವನ್ನು ಮುಚ್ಚಿಬಿಡುತ್ತದೆ. ಎರಡು ಸೂಜಿ ಒಂದಕ್ಕೊಂದು ತಾಗಿದರೆ ‘ಕೂಗಳತೆಯ ದೂರ’ ಎಂದು ಬರೆಯಬಹುದು. ನಡುವೆ ಒಂದು ಬೆಟ್ಟಸಾಲು, ಎರಡು ಹೆದ್ದಾರಿ ಇದ್ದರೆ ಅವು ಕೆಂಪು ದಾರದ ಕೆಳಗೆ ಅಡಗುತ್ತವೆ.

ದಿನಾಂಕಗಳು ಸ್ವಲ್ಪ ಕಾಟ ಕೊಡುತ್ತವೆ. 1969ರ ಅಕ್ಟೋಬರ್ 12ರಂದು ಡೆತ್ ವ್ಯಾಲಿಯ ಬಾರ್ಕರ್ ರಾಂಚ್‌ನಲ್ಲಿ, ಬಚ್ಚಲುಮನೆಯ ಸಿಂಕ್ ಕೆಳಗಿನ ಪುಟ್ಟ ಕಪಾಟಿನೊಳಗೆ ಮುದುಡಿ ಕೂತಿದ್ದ ಮ್ಯಾನ್ಸನ್‌ನನ್ನು ಹೊರಗೆಳೆದರು. ಆಮೇಲೆ ಸಾಯುವ ತನಕ, ಅಂದರೆ 2017ರ ನವೆಂಬರ್‌ವರೆಗೆ, ಅವನು ಹೊರಗೆ ಕಾಲಿಟ್ಟಿಲ್ಲ. ಇದರಿಂದ ಎದೆಗುಂದಬೇಕಿಲ್ಲ. ಅಕ್ಟೋಬರ್ 12ಕ್ಕೆ ಮೊದಲಿನ ಕೊಲೆಯಾದರೆ ‘ಅವನೇ ಮಾಡಿದ’, ನಂತರದ್ದಾದರೆ ‘ಅವನೇ ಮಾಡಿಸಿದ’. ಒಂದು ‘ಸಿ’ ಅಕ್ಷರ ಸೇರಿಸಿದರೆ ಜೈಲಿನ ಗೋಡೆ ಕರಗುತ್ತದೆ.

1969ರ ನವೆಂಬರ್‌ನಲ್ಲಿ ಮಲ್ಹಾಲೆಂಡ್ ಡ್ರೈವ್ ಪಕ್ಕದ ಪೊದೆಯಲ್ಲಿ ಸಿಕ್ಕ ಯುವತಿಯ ಶವದ ಕಥೆ ಹೀಗೆಯೇ ಬೆಳೆಯಿತು. ಮೈತುಂಬ ಇರಿತದ ಗಾಯ, ಗುರುತು ಪತ್ತೆಯಿಲ್ಲ. ಗುರುತಿಲ್ಲದ ಹೆಣ್ಣಿಗೆ ಅಲ್ಲಿನ ಪೊಲೀಸರು ಇಡುವ ಹೆಸರು ‘ಜೇನ್ ಡೋ’; ಕಡತದಲ್ಲಿ ಅವಳು ‘ಜೇನ್ ಡೋ 59’. ಹೆಸರಿಲ್ಲದ ಹೆಣ ಹವ್ಯಾಸಿಗಳ ಪಾಲಿಗೆ ಖಾಲಿ ಚೆಕ್ಕು: ಗುಂಪಿನಿಂದ ಓಡಿಹೋದವಳು, ಇನ್ನೊಂದು ಕೊಲೆಯನ್ನು ಕಂಡ ಸಾಕ್ಷಿ, ಯಾರದ್ದೋ ಗೆಳತಿ ಎಂದೆಲ್ಲ ದಶಕಗಟ್ಟಲೆ ಬರೆದುಕೊಂಡರು. ಡಿಎನ್‌ಎ ಹೊಂದಾಣಿಕೆಯಿಂದ ಗುರುತು ಸಿಕ್ಕಿದ್ದು 2015ರಲ್ಲಿ. ಅವಳು ಮಾಂಟ್ರಿಯಲ್‌ನಿಂದ ಬಂದಿದ್ದ 19 ವರ್ಷದ ಹುಡುಗಿ. ಮನೆಯವರು ದೂರು ಕೊಟ್ಟಿರಲಿಲ್ಲ; ಎಲ್ಲೋ ಹೊಸ ಬದುಕು ಕಟ್ಟಿಕೊಂಡಿದ್ದಾಳೆ ಎಂದುಕೊಂಡಿದ್ದರು. ಕೊಂದವರು ಯಾರೆಂಬುದು ಇಂದಿಗೂ ಗೊತ್ತಾಗಿಲ್ಲ. ಮ್ಯಾನ್ಸನ್ ಗುಂಪಿಗೂ ಅವಳಿಗೂ ನಂಟು ತೋರಿಸುವ ಪುರಾವೆ ಹೊರಬಂದಿಲ್ಲ. ಹವ್ಯಾಸಿಯು ಹಳೆಯ ಬರಹದಲ್ಲಿ ‘ಅಪರಿಚಿತೆ’ ಎಂದಿದ್ದ ಕಡೆಯೆಲ್ಲ ಅವಳ ಹೆಸರು ತುಂಬಿ, ಉಳಿದದ್ದನ್ನು ಇದ್ದ ಹಾಗೇ ಇಟ್ಟುಕೊಂಡ.

ಮ್ಯಾನ್ಸನ್ ಗುಂಪಿನ ಪರ ವಾದಿಸುತ್ತಿದ್ದ ವಕೀಲ ರೊನಾಲ್ಡ್ ಹ್ಯೂಸ್ ಕೂಡ ಈ ಖಾತೆಗೆ ಜಮೆಯಾಗಿದ್ದಾರೆ. ವಿಚಾರಣೆ ನಡೆಯುತ್ತಿದ್ದಾಗಲೇ, 1970ರ ನವೆಂಬರ್‌ನಲ್ಲಿ, ಸೆಸ್ಪೆ ಕಣಿವೆಗೆ ಬಿಡಾರ ಹೂಡಲು ಹೋದವರು ಹಿಂತಿರುಗಲಿಲ್ಲ. ಆ ವಾರಾಂತ್ಯ ಜೋರು ಮಳೆ ಸುರಿದು ಹಳ್ಳಗಳು ಉಕ್ಕಿದ್ದವು. ಶವ ಸಿಕ್ಕಿದ್ದು ಮುಂದಿನ ಮಾರ್ಚ್‌ನಲ್ಲಿ, ಜ್ಯೂರಿ ಮರಣದಂಡನೆ ಹೇಳಿದ ದಿನವೇ. ಸಾವಿನ ಕಾರಣ ನಿರ್ಧರಿಸಲಾಗದಷ್ಟು ಕೊಳೆತಿತ್ತು. ‘ಕಾರಣ ಅನಿರ್ಧರಿತ’ ಎಂಬ ಷರಾವನ್ನು ಹವ್ಯಾಸಿಯ ಕಣ್ಣು ‘ಕೊಲೆ, ಮುಚ್ಚಿಹಾಕಲಾಗಿದೆ’ ಎಂದು ಓದುತ್ತದೆ. ಪ್ರವಾಹ ಮಾಡಿದ ಕೆಲಸವೆಂದರೆ ಅದಕ್ಕೆ ಉದ್ದೇಶವಿಲ್ಲ, ಮ್ಯಾನ್ಸನ್‌ಗಿದ್ದಂತೆ ಗಡ್ಡವಿಲ್ಲ, ಹಣೆಯ ಮೇಲೆ ಸ್ವಸ್ತಿಕವೂ ಇಲ್ಲ. ಯಾರಿಗೆ ಬೇಕು?

ಆದರೆ ನಿಜವಾದ ಪದವಿ ಸಿಗುವುದು ಎರಡು ಕುಖ್ಯಾತಿಗಳನ್ನು ಹೊಲಿದಾಗ. ಅದೇ 1969, ಅದೇ ಕ್ಯಾಲಿಫೋರ್ನಿಯಾ, ಉತ್ತರದಲ್ಲಿ ಪತ್ರಿಕೆಗಳಿಗೆ ಪತ್ರ, ಗೂಢಲಿಪಿ ಕಳಿಸಿ ‘ಜೋಡಿಯಾಕ್’ ಎಂದು ಸಹಿ ಹಾಕುತ್ತಿದ್ದ, ಇಂದಿಗೂ ಪತ್ತೆಯಾಗದ ಕೊಲೆಗಾರ. ಸ್ಯಾನ್ ಫ್ರಾನ್ಸಿಸ್ಕೊದ ಪ್ರೆಸಿಡಿಯೊ ಹೈಟ್ಸ್‌ನಲ್ಲಿ ಅವನು ಟ್ಯಾಕ್ಸಿ ಚಾಲಕನನ್ನು ಕೊಂದದ್ದು ಅಕ್ಟೋಬರ್ 11ರ ರಾತ್ರಿ, ಮ್ಯಾನ್ಸನ್ ಸಿಕ್ಕಿಬಿದ್ದದ್ದು ಮರುದಿನ. ಕಾಗೆ ಕೂತಿತು, ಟೊಂಗೆ ಮುರಿಯಿತು. ಇನ್ನೇನು ಬೇಕು! ನಡುವೆ ಇರುವ ನೂರಾರು ಕಿಲೋಮೀಟರ್, ಕೊನೆಯಲ್ಲಿ ಬರುವ ಗೋಲರ್ ವಾಷ್ ಎಂಬ ಕಲ್ಲುಬಂಡೆಯ ಕಮರಿದಾರಿ, ಇವು ಸೂಜಿಯ ತಲೆಯಡಿ ಸೇರಿಕೊಳ್ಳುತ್ತವೆ.

ಗೂಢಲಿಪಿಯ ವಿಭಾಗ ಹವ್ಯಾಸಿಗಳ ಅಚ್ಚುಮೆಚ್ಚಿನದು. 1970ರ ಏಪ್ರಿಲ್‌ನ ಪತ್ರದಲ್ಲಿ ಜೋಡಿಯಾಕ್ ‘ನನ್ನ ಹೆಸರು’ ಎಂದು ಬರೆದು 13 ಚಿಹ್ನೆಗಳನ್ನು ಇಟ್ಟ. ಇಂಗ್ಲಿಷ್ ಕಾಗುಣಿತದಲ್ಲಿ ಚಾರ್ಲ್ಸ್ ಮ್ಯಾನ್ಸನ್ ಎಂದರೂ ಏಳು ಮತ್ತು ಆರು, ಒಟ್ಟು 13 ಅಕ್ಷರ. ಇದನ್ನು ಕಂಡುಕೊಂಡವನಿಗೆ ಆ ರಾತ್ರಿ ನಿದ್ದೆಯಿಲ್ಲ. ಬೆಳಗಾದ ಮೇಲಾದರೂ ಪರೀಕ್ಷಿಸಬಹುದು. ಆ 13ರಲ್ಲಿ ಬೇರೆ ಬೇರೆ ಚಿಹ್ನೆಗಳು ಎಂಟೇ. ನಾಲ್ಕು ಚಿಹ್ನೆಗಳು ಮರುಕಳಿಸುತ್ತವೆ. ಒಂದು ಅಕ್ಷರಕ್ಕೆ ಹಲವು ಚಿಹ್ನೆ ಇರಬಹುದು, ಒಂದು ಚಿಹ್ನೆಗೆ ಮಾತ್ರ ಒಂದೇ ಅಕ್ಷರ ಎಂಬುದು ಅವನ ಮೊದಲ ಗೂಢಲಿಪಿಯ ಕಟ್ಟಳೆ. ಅದರಂತೆ 1 ಮತ್ತು 12ನೇ ಸ್ಥಾನ ಒಂದೇ ಅಕ್ಷರವಾಗಬೇಕು. ಇಲ್ಲಿ ಬರುವುದು ‘ಸಿ’ ಮತ್ತು ‘ಓ’. 3 ಮತ್ತು 11 ಒಂದೇ ಆಗಬೇಕು. ಬರುವುದು ‘ಎ’ ಮತ್ತು ‘ಎಸ್’. 8 ಮತ್ತು 13ಕ್ಕೆ ‘ಎಂ’ ಮತ್ತು ‘ಎನ್’. 5, 7, 9 ಮೂರೂ ಒಂದೇ ಆಗಬೇಕಿದ್ದಲ್ಲಿ ‘ಎಲ್’, ‘ಎಸ್’, ‘ಎ’. ನಾಲ್ಕಕ್ಕೆ ನಾಲ್ಕೂ ತಪ್ಪು. ಕಣ್ಣು ಮುಚ್ಚಿ ಯಾವುದೋ ಹೆಸರು ತುಂಬಿದರೂ ಇದಕ್ಕಿಂತ ಕಡಿಮೆ ಅಂಕ ಬರಲು ಸಾಧ್ಯವಿಲ್ಲ. ಹವ್ಯಾಸಿಯ ಉತ್ತರ ಸಿದ್ಧವಿದೆ: ‘ನಮ್ಮ ದಾರಿ ತಪ್ಪಿಸಲೆಂದೇ ಹಾಗೆ ಬರೆದಿದ್ದಾನೆ.’ ಹೆಸರು ಹೊಂದಿದರೆ ಪುರಾವೆ, ಹೊಂದದಿದ್ದರೆ ಕುತಂತ್ರದ ಪುರಾವೆ. ಅಸಲಿಗೆ 13 ಚಿಹ್ನೆಯ ಲಿಪಿಗೆ ‘ಇದೇ ಸರಿಯುತ್ತರ’ ಎಂದು ಸಾಧಿಸುವಷ್ಟು ಉದ್ದವೇ ಇಲ್ಲ. ನಿಯಮಕ್ಕೆ ಸರಿಹೊಂದುವ ಹೆಸರುಗಳೇ ಬೇಕಾದಷ್ಟು ಸಿಗುತ್ತವೆ.

ಬಿಡಿಸಬಹುದಾದದ್ದನ್ನು ಬಿಡಿಸಿದವರೂ ಹವ್ಯಾಸಿಗಳೇ ಎನ್ನುವುದು ಈ ಕ್ಷೇತ್ರದ ದೊಡ್ಡ ಮುಜುಗರ. 408 ಚಿಹ್ನೆಗಳ ಮೊದಲ ಲಿಪಿಯನ್ನು ಸುಮಾರು ಒಂದು ವಾರದಲ್ಲಿ ಬಿಡಿಸಿದ್ದು ಸಲಿನಾಸ್‌ನ ಶಾಲಾ ಶಿಕ್ಷಕ ಮತ್ತು ಅವರ ಹೆಂಡತಿ. ಇಂಥ ಅಹಂಕಾರಿ ‘ನಾನು’ ಎಂದೇ ಶುರುಮಾಡುತ್ತಾನೆ, ‘ಕೊಲ್ಲು’ ಎಂಬ ಪದ ಬಳಸದೆ ಇರಲಾರ, ಇಂಗ್ಲಿಷಿನಲ್ಲಿ ಆ ಪದದಲ್ಲಿ ‘ಎಲ್’ ಜೋಡಿಯಾಗಿ ಬರುತ್ತದೆ ಎಂದು ಊಹಿಸಿ ಜೋಡಿ ಚಿಹ್ನೆಗಳ ಬೆನ್ನು ಹತ್ತಿದರು. 340 ಚಿಹ್ನೆಯದು 51 ವರ್ಷ ಕಾಡಿತು. 2020ರ ಡಿಸೆಂಬರ್‌ನಲ್ಲಿ ಅಮೆರಿಕ, ಆಸ್ಟ್ರೇಲಿಯಾ ಮತ್ತು ಬೆಲ್ಜಿಯಂನ ಮೂವರು ಅದನ್ನು ಬಿಡಿಸಿದರು. ಸುಮಾರು 6,50,000 ಓದುವ ಕ್ರಮಗಳನ್ನು ತಯಾರಿಸಿ, ಒಂದೊಂದನ್ನೂ ಲಿಪಿ ಬಿಡಿಸುವ ತಂತ್ರಾಂಶಕ್ಕೆ ಉಣಿಸಿದರು. ಲಿಪಿ ಒಂಬತ್ತು ಸಾಲು, ಒಂಬತ್ತು ಸಾಲು, ಎರಡು ಸಾಲು ಎಂದು ಮೂರು ತುಂಡಾಗಿತ್ತು. ಮೊದಲ ಎರಡು ತುಂಡನ್ನು ಒಂದು ಸಾಲು ಕೆಳಗೆ, ಎರಡು ಮನೆ ಬಲಕ್ಕೆ ಜಿಗಿಯುತ್ತ ಓಲುಗೆರೆಯಲ್ಲಿ ಓದಬೇಕಿತ್ತು. ಎಫ್‌ಬಿಐ ಒಪ್ಪಿಕೊಂಡಿತು. ಒಳಗೆ ಯಾರ ಹೆಸರೂ ಇರಲಿಲ್ಲ. ಅರ್ಧ ಶತಮಾನ ಅದರಲ್ಲಿ ತಮ್ಮ ತಮ್ಮ ಶಂಕಿತನ ಹೆಸರು ಓದಿದ್ದವರು ಕ್ಷಮೆ ಕೇಳಿದ ಸುದ್ದಿ ಬರಲಿಲ್ಲ.

ಅಗೆತದ ವಿಭಾಗಕ್ಕೆ ಬರೋಣ. ಬಾರ್ಕರ್ ರಾಂಚ್‌ನಲ್ಲಿ ಇನ್ನಷ್ಟು ಹೆಣ ಹೂತಿದ್ದಾರೆಂಬ ಗುಸುಗುಸು ಹಳೆಯದು. 2008ರಲ್ಲಿ ಶವದ ವಾಸನೆ ಹಿಡಿಯುವ ನಾಯಿ ಕೆಲವು ಕಡೆ ಕೂತಿತು. ಮಣ್ಣಿನೊಳಗಿನ ಅನಿಲ ಅಳೆಯುವ ಉಪಕರಣ ಬಂತು, ನೆಲದೊಳಗೆ ಇಣುಕುವ ರೇಡಾರ್ ಬಂತು. ಈ ಪರಿಕರಗಳಿಗೆ ಒಂದು ಮಿತಿಯಿದೆ. ರೇಡಾರ್‌ಗೆ ಕಾಣುವುದು ಮಣ್ಣಿನ ಸಾಂದ್ರತೆ, ತೇವದ ಏರುಪೇರು ಮಾತ್ರ. ಹಳೆಯ ಕಸದ ಗುಂಡಿ, ಪ್ರಾಣಿಯ ಬಿಲ, ಕೊಳೆತ ಬೇರು, ಸಮಾಧಿ ಎಲ್ಲಕ್ಕೂ ಅದು ಹೆಚ್ಚುಕಡಿಮೆ ಒಂದೇ ಬಗೆಯ ಗೆರೆ ಎಳೆಯುತ್ತದೆ. ನಾಯಿ ಕೂತ ಜಾಗ ಎಂದರೆ ವಾಸನೆ ಮೇಲೆ ಬಂದ ಜಾಗ. ಮೂಲ ಅಲ್ಲೇ ಇರಬೇಕೆಂದಿಲ್ಲ. ಹಾಗಾಗಿ ಅಗೆದು ನೋಡದೆ ಗತಿಯಿಲ್ಲ. ಆ ಮೇ ತಿಂಗಳಲ್ಲಿ ಇನ್ಯೊ ಕೌಂಟಿಯ ಶೆರಿಫ್ ಅಗೆಸಿಯೂ ಬಿಟ್ಟರು. ಮನುಷ್ಯನ ಮೂಳೆ ಒಂದೂ ಸಿಗಲಿಲ್ಲ. ಬೆಟ್ಟ ಅಗೆದವರಿಗೆ ಇಲಿಯಾದರೂ ಸಿಕ್ಕಿತ್ತು. ಹವ್ಯಾಸಿಯ ವರದಿ ಅದೇ ವಾರ ಹೊರಬಂತು: ಸಾಲದಷ್ಟು ಆಳ, ತಪ್ಪು ಜಾಗ, ತೋಳಗಳು ಎಳೆದುಕೊಂಡು ಹೋಗಿವೆ, ಸರ್ಕಾರಕ್ಕೆ ಸಿಕ್ಕಿದೆ ಆದರೆ ಹೇಳುತ್ತಿಲ್ಲ. ನಾಲ್ಕೂ ಒಂದೇ ಪುಟದಲ್ಲಿ. ಮರುವರ್ಷ ಆ ಮನೆ ಬೆಂಕಿಗೆ ಬಿತ್ತು. ಐದನೆಯ ಪುರಾವೆಯೂ ದಕ್ಕಿತು. ಗುದ್ದಲಿ ಹಿಡಿದು ತಾವೇ ಹೊರಡುವವರಿಗೊಂದು ಮಾತು: ಜಾಗ ಡೆತ್ ವ್ಯಾಲಿ ರಾಷ್ಟ್ರೀಯ ಉದ್ಯಾನದೊಳಗಿದೆ. ಅಲ್ಲಿ ಲೋಹಶೋಧಕ ಬಳಸುವುದೇ ಅಪರಾಧ, ಅಗೆಯುವುದಂತೂ ಕೇಳಲೇಬೇಡಿ.

ಡೊನಾಲ್ಡ್ ಶೇ ವಿಷಯದಲ್ಲಿ ಉಲ್ಟಾ ಆಯಿತು. ತಲೆ ಕಡಿದು ದೇಹವನ್ನು ಒಂಬತ್ತು ತುಂಡು ಮಾಡಿ ಹೂತರೆಂದು ಗುಂಪಿನವರೇ ಹೇಳಿಕೊಂಡು ತಿರುಗಿದ್ದರು. ಶಿಕ್ಷೆಯಾದವರಲ್ಲೊಬ್ಬ ನಕ್ಷೆ ಬರೆದುಕೊಟ್ಟ ಮೇಲೆ, 1977ರಲ್ಲಿ, ಅಸ್ಥಿಪಂಜರ ಸಿಕ್ಕಿತು. ತಲೆ ತಲೆಯ ಜಾಗದಲ್ಲೇ ಇತ್ತು. ಮೂಳೆಗಳು ಎದುರಿಗಿದ್ದರೂ ಒಂಬತ್ತು ತುಂಡಿನ ಕಥೆ ಮಾತ್ರ ಸಾಯಲಿಲ್ಲ. ಮೊಲಕ್ಕೆ ಮೂರೇ ಕಾಲು.

ಪ್ರಕರಣ ನಿಜಕ್ಕೂ ಎಲ್ಲಿ ತಡವಾಯಿತು ಎಂದು ಕೇಳಿದರೆ ಇವರಿಗೆ ಆಕಳಿಕೆ ಬರುತ್ತದೆ. ಸಿಯೆಲೊ ಡ್ರೈವ್‌ನ ಗೇಟು ತೆರೆಯುವ ಗುಂಡಿಯ ಮೇಲೆ ರಕ್ತದ ಗುರುತಿತ್ತು. ಹೊರಹೋಗುವ ಅವಸರದಲ್ಲಿ ಪೊಲೀಸನೊಬ್ಬ ಅದನ್ನೇ ಒತ್ತಿದ. ಹಿನ್ಮನ್ ಕೊಲೆಯಲ್ಲೂ ಗೋಡೆಯ ಮೇಲೆ ರಕ್ತದ ಬರಹವಿದೆ ಎಂದು ಶೆರಿಫ್ ಇಲಾಖೆಯ ಪತ್ತೇದಾರರು ಬಂದು ಹೇಳಿದರೂ ನಗರ ಪೊಲೀಸರು ಕಿವಿಗೊಡಲಿಲ್ಲ. ಮಾದಕವಸ್ತು ವ್ಯವಹಾರದ ಜಗಳವೆಂದು ಆಗಲೇ ತೀರ್ಮಾನಿಸಿದ್ದರು. ಆಗಸ್ಟ್ 16ರಂದು ಸ್ಪಾನ್ ರಾಂಚ್ ಮೇಲೆ ದಾಳಿ ಮಾಡಿ ಇಡೀ ಗುಂಪನ್ನೇ ಹಿಡಿದರು, ಕಾರು ಕಳವಿಗೆ. ವಾರೆಂಟಿನ ತಾರೀಖು ಸರಿಯಿಲ್ಲವೆಂದು ಬಿಟ್ಟೂ ಬಿಟ್ಟರು. ಸೆಪ್ಟೆಂಬರ್ 1ರಂದು ಹತ್ತು ವರ್ಷದ ಹುಡುಗನಿಗೆ ಮನೆಯ ಹಿಂದಿನ ಗುಡ್ಡದಲ್ಲಿ, ಕೊಲೆಗೆ ಬಳಸಿ ಎಸೆದಿದ್ದ .22 ರಿವಾಲ್ವರ್ ಸಿಕ್ಕಿತು. ಅವನು ಬೆರಳಚ್ಚು ಅಳಿಯದಿರಲೆಂದು ನಳಿಗೆಯ ತುದಿ ಹಿಡಿದು ತಂದ. ಬಂದ ಪೊಲೀಸ್ ಎರಡೂ ಕೈಯಲ್ಲಿ ಬಾಚಿಕೊಂಡ. ಅದೇ ಮಾದರಿಯ ಬಂದೂಕು ಬೇಕೆಂದು ಅಮೆರಿಕ, ಕೆನಡಾದ ಠಾಣೆಗಳಿಗೆಲ್ಲ ಸುತ್ತೋಲೆ ಹೋಗುತ್ತಿದ್ದಾಗ ಅಸಲಿ ಬಂದೂಕು ವ್ಯಾನ್ ನೈಸ್ ಠಾಣೆಯ ಕಪಾಟಿನಲ್ಲಿ ಡಿಸೆಂಬರ್ ತನಕ ಮಲಗಿತ್ತು. ಹುಡುಗನ ತಂದೆ ಪೇಪರ್ ಓದಿ ಫೋನು ಮಾಡಬೇಕಾಯಿತು. ಕೊಲೆಗಾರರು ಎಸೆದ ರಕ್ತಸಿಕ್ತ ಬಟ್ಟೆ ಸಿಕ್ಕಿದ್ದು ಟಿವಿ ವಾಹಿನಿಯವರಿಗೆ: ಪತ್ರಿಕೆಯಲ್ಲಿ ಬಂದಿದ್ದ ತಪ್ಪೊಪ್ಪಿಗೆಯ ಪ್ರಕಾರ ಕಾರು ಓಡಿಸುತ್ತಲೇ ಬಟ್ಟೆ ಬದಲಿಸಿ ಎಷ್ಟು ಹೊತ್ತು ಬೇಕೆಂದು ನೋಡಿದರು, ಅಷ್ಟು ದೂರದಲ್ಲಿ ನಿಲ್ಲಿಸಿ ಇಳಿಜಾರಿನಲ್ಲಿ ಇಣುಕಿದರು. ಇದರಲ್ಲಿ ಪಂಥದ ರಹಸ್ಯವೂ ಇಲ್ಲ, ಗ್ರಹಗತಿಯೂ ಇಲ್ಲ, ಬರೀ ಗಡಿಯಾರ. ಗೋಡೆಗೆ ಚುಚ್ಚಲು ಯೋಗ್ಯವಾದದ್ದು ಒಂದೂ ಇಲ್ಲ.

ತೀರ್ಥಯಾತ್ರೆ ಮಾಡುವವರು ಗಮನಿಸಬೇಕು: ಸಿಯೆಲೊ ಡ್ರೈವ್‌ನ 10050 ಸಂಖ್ಯೆಯ ಮನೆಯನ್ನು 1994ರಲ್ಲೇ ಕೆಡವಿದ್ದಾರೆ, ಹೊಸ ಕಟ್ಟಡಕ್ಕೆ ಸಂಖ್ಯೆಯೂ ಬೇರೆ. ಸ್ಪಾನ್ ರಾಂಚ್ 1970ರಲ್ಲಿ ಸುಟ್ಟುಹೋಯಿತು. ನೀವು ಭಕ್ತಿಯಿಂದ ಫೋಟೊ ತೆಗೆಯುವ ಗೇಟು ಏನೂ ಮಾಡದ ಯಾರದ್ದೋ ಮನೆಯದು.

ಕೊನೆಯ ಪಾಠ, ಪ್ರಕರಣದ ಒಂದು ತುಂಡು ಅಕಸ್ಮಾತ್ತಾಗಿ ಬಗೆಹರಿದರೆ ಏನು ಮಾಡಬೇಕೆಂಬುದು. 1966ರಲ್ಲಿ ರಿವರ್ಸೈಡ್‌ನಲ್ಲಿ ಕಾಲೇಜು ವಿದ್ಯಾರ್ಥಿನಿಯ ಕೊಲೆಯಾಯಿತು. ಮುಂದಿನ ವರ್ಷ ಪೊಲೀಸರಿಗೆ, ಪತ್ರಿಕೆಗೆ, ಮಗಳನ್ನು ಕಳೆದುಕೊಂಡ ತಂದೆಗೆ ಕೈಬರಹದ ಕ್ರೂರ ಪತ್ರಗಳು ಬಂದವು. ರಾಜ್ಯದ ಹಸ್ತಾಕ್ಷರ ತಜ್ಞರೇ ಇದು ಜೋಡಿಯಾಕ್‌ನ ಕೈಬರಹ ಎಂದು 1970ರಲ್ಲಿ ಹೇಳಿದ್ದರು, ಹವ್ಯಾಸಿಗಳು ಅದರ ಮೇಲೆ ಅಂತಸ್ತಿನ ಮೇಲೆ ಅಂತಸ್ತು ಕಟ್ಟಿದರು. 2016ರಲ್ಲಿ ಅನಾಮಧೇಯ ಕ್ಷಮಾಪಣೆ ಪತ್ರವೊಂದು ಬಂತು. ಡಿಎನ್‌ಎ ಹಿಡಿದು ಹೋದ ಪೊಲೀಸರಿಗೆ ಬರೆದವನು ಸಿಕ್ಕ. ಆಗ ತಾನು ತಲೆಕೆಟ್ಟ ಹದಿಹರೆಯದ ಹುಡುಗನಾಗಿದ್ದೆ, ಜನರ ಗಮನ ಬೇಕಿತ್ತು, ಅದಕ್ಕೇ ಬರೆದೆ ಎಂದ. ಅವನು ಕೊಲೆಗಾರನಲ್ಲ ಎಂದು 2021ರಲ್ಲಿ ಪೊಲೀಸರು ಪ್ರಕಟಿಸಿದರು. ಆ ಪತ್ರಗಳ ‘ಟಿ’ ಅಕ್ಷರದ ಅಡ್ಡಗೆರೆಯನ್ನು ಮಿಲಿಮೀಟರಿನಲ್ಲಿ ಅಳೆದು ತಂತಮ್ಮ ಶಂಕಿತನ ಕೈಬರಹಕ್ಕೆ ಹೊಂದಿಸಿ ತೋರಿಸಿದ್ದ ಪಟಗಳು ಈಗಲೂ ಗೋಡೆಯ ಮೇಲಿವೆ. ಕೆಳಗಿನ ಒಕ್ಕಣೆಯನ್ನು ಮಾತ್ರ ತಿದ್ದಿದ್ದಾರೆ: ‘ಹಾಗಾದರೆ ಆ ಹುಡುಗನಿಗೆ ಬರೆಯಲು ಹೇಳಿಕೊಟ್ಟವರು ಯಾರು?’