ಡಿಗ್ರಿ ನಡುವೆ ಕಾಲೇಜು ಬದಲಾಯಿಸುವುದಾದರೆ ಮೊದಲ ವರ್ಷ ಮುಗಿದ ಕೂಡಲೇ ಹೊರಡಬೇಕಾ?

ಪರ: ಎರಡನೇ ಸೆಮಿಸ್ಟರ್ ಮುಗಿಯಿತಾ, ಟಿಸಿ ಕೇಳಿ

ನಾನು ಜಗಳೂರು ಕಡೆಯ ಹಳ್ಳಿಯವಳು. 2015ರಲ್ಲಿ ಬಿಎಸ್ಸಿಗೆ ಸೇರಿದ್ದು ಬೆಂಗಳೂರಿನ ಒಂದು ಖಾಸಗಿ ಕಾಲೇಜಿಗೆ. ಅಪ್ಪ ಆ ವರ್ಷದ ಮೆಕ್ಕೆಜೋಳದ ದುಡ್ಡನ್ನೆಲ್ಲ ಫೀಸಿಗೆ ಕಟ್ಟಿದ್ದರು. ಹೋದ ಎರಡೇ ತಿಂಗಳಿಗೆ ನನಗೆ ಗೊತ್ತಾಯಿತು, ಇದು ಸರಿಯಾದ ಜಾಗ ಅಲ್ಲ ಅಂತ. ಗಣಿತಕ್ಕೆ ಮೇಷ್ಟ್ರೇ ಇರಲಿಲ್ಲ. ಕೆಮಿಸ್ಟ್ರಿ ಲ್ಯಾಬಿನಲ್ಲಿ ನಮ್ಮ ಬ್ಯಾಚಿಗೆ ಸಿಕ್ಕ ಬ್ಯುರೆಟ್ಟಿನ (ದ್ರಾವಣವನ್ನು ಹನಿ ಹನಿಯಾಗಿ ಬಿಡುವ ಗಾಜಿನ ಕೊಳವೆ) ತಿರುಪು ಸಡಿಲ, ಅದಕ್ಕೆ ಟೇಪ್ ಸುತ್ತಿದ್ದರು. ಎಷ್ಟು ಬಿಗಿ ಹಿಡಿದರೂ ಹನಿ ನಿಲ್ಲುತ್ತಿರಲಿಲ್ಲ. ನಿಲ್ಲಿಸಬೇಕಾದ ತಿಳಿ ಗುಲಾಬಿ ಬಣ್ಣ ಬಂತು ಅನ್ನುವಷ್ಟರಲ್ಲಿ ಕಡು ಗುಲಾಬಿ ಆಗಿಬಿಡುತ್ತಿತ್ತು. ಕೊನೆಗೆ ಪಕ್ಕದ ಬ್ಯಾಚಿನ ರೀಡಿಂಗನ್ನೇ ರೆಕಾರ್ಡಿಗೆ ಬರೆಯುತ್ತಿದ್ದೆವು.

ಆದರೂ ಎರಡು ವರ್ಷ ಅಲ್ಲೇ ಇದ್ದೆ. ಎಲ್ಲರೂ ಹೇಳಿದ್ದು ಒಂದೇ ಮಾತು: ಸ್ವಲ್ಪ ಅಡ್ಜಸ್ಟ್ ಮಾಡ್ಕೋ. ನಾಲ್ಕನೇ ಸೆಮಿಸ್ಟರ್ ಮುಗಿಸಿ, ಇನ್ನು ಆಗಲ್ಲ ಅಂತ ದಾವಣಗೆರೆಗೆ ಬಂದೆ. ಇಲ್ಲಿನ ಕಾಲೇಜಿನ ಆಫೀಸಿನಲ್ಲಿದ್ದ ಸರ್ ನನ್ನ ಅಂಕಪಟ್ಟಿಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು, ಪಕ್ಕದಲ್ಲಿ ಇಲ್ಲಿನ ಸಿಲಬಸ್ ಇಟ್ಟುಕೊಂಡು, ಒಂದೊಂದೇ ಪೇಪರಿಗೆ ಪೆನ್ಸಿಲ್ಲಿನಲ್ಲಿ ಗುರುತು ಹಾಕುತ್ತಾ ಬಂದರು. ಮೊದಲ ವರ್ಷ ಪೂರ್ತಿ ಹೊಂದಿತು. ಎರಡನೇ ವರ್ಷಕ್ಕೆ ಬಂದಾಗ ಪೆನ್ಸಿಲ್ ನಿಂತಿತು. ಅಲ್ಲಿ ನಾವು ಓದಿದ್ದು ಇಲ್ಲಿ ಐದನೇ ಸೆಮಿಸ್ಟರಿಗೆ ಇತ್ತು, ಇಲ್ಲಿ ಆಗಲೇ ಮುಗಿದಿದ್ದು ಅಲ್ಲಿ ಶುರುವೇ ಆಗಿರಲಿಲ್ಲ. "ಹೋದ ವರ್ಷ ಬರಬೇಕಿತ್ತಲ್ಲಮ್ಮಾ, ಏನೂ ತೊಂದರೆ ಇರ್ತಿರಲಿಲ್ಲ. ಈಗ ಮೂರನೇ ಸೆಮಿಸ್ಟರಿಂದ ಕೂತ್ಕೋಬೇಕಾಗುತ್ತೆ" ಅಂದರು. ಅಪ್ಪ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಅವರಿಗೆ ಹೋಗಿ ಹೇಳಲು ನನಗೆ ಹತ್ತು ನಿಮಿಷ ಬೇಕಾಯಿತು.

ಒಂದು ಇಡೀ ವರ್ಷ ಹೋಯಿತು. ನನ್ನದೇ ವಯಸ್ಸಿನವರು ಬಿಎಡ್ ಸೇರುವಾಗ ನಾನು ಇನ್ನೂ ಐದನೇ ಸೆಮಿಸ್ಟರ್.

ಅದಕ್ಕೇ ಹೇಳುತ್ತಿರುವುದು. ಮೂರು ವರ್ಷದ ಡಿಗ್ರಿಯಲ್ಲಿ ಇರುವುದೇ ಆರು ಸೆಮಿಸ್ಟರ್. ಎರಡು ಮುಗಿಸಿ ಹೊರಟರೆ ಹೊಸ ಜಾಗದಲ್ಲಿ ನಾಲ್ಕು ಸಿಗುತ್ತವೆ. ನಾಲ್ಕು ಮುಗಿಸಿ ಹೊರಟರೆ ಎರಡು, ಅದೂ ಸಿಕ್ಕರೆ. ಮೊದಲ ವರ್ಷದ ಪಾಠ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ, ಬುನಾದಿಯ ಪಾಠ. ಆಮೇಲೆ ಒಂದೊಂದು ವಿಶ್ವವಿದ್ಯಾಲಯದ್ದು ಒಂದೊಂದು ದಾರಿ. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಯ ಡಿಗ್ರಿ ಕಾಲೇಜುಗಳು 2009ರಲ್ಲಿ ಶುರುವಾದ ದಾವಣಗೆರೆ ವಿಶ್ವವಿದ್ಯಾಲಯದ ಕೆಳಗೇ ಬರುವುದರಿಂದ ಹಿರಿಯೂರಿನಿಂದ ದಾವಣಗೆರೆಗೆ ಬರುವವರಿಗೆ ಅಷ್ಟು ಕಷ್ಟ ಇಲ್ಲ, ಆದರೆ ಬೇರೆ ವಿಶ್ವವಿದ್ಯಾಲಯದಿಂದ ಬರುವವರಿಗೆ ಟಿಸಿ ಜೊತೆ ಹಳೆಯ ವಿಶ್ವವಿದ್ಯಾಲಯ ಕೊಡುವ ಮೈಗ್ರೇಷನ್ ಸರ್ಟಿಫಿಕೇಟೂ ಬೇಕು, ಸಿಲಬಸ್ಸೂ ಹೊಂದಬೇಕು.

ಇನ್ನೊಂದು ಭಯವೂ ಇದೆ. 2021ರಲ್ಲಿ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಬಂತು, ಡಿಗ್ರಿ ನಾಲ್ಕು ವರ್ಷದ ಪದ್ಧತಿಗೆ ಹೋಯಿತು. 2024ರಲ್ಲಿ ಮತ್ತೆ ಮೂರು ವರ್ಷದ ಪದ್ಧತಿಗೆ ವಾಪಸ್. ಹೀಗೆ ಬದಲಾಗುವಾಗ ಒಂದು ವರ್ಷ ಹಿಂದೆ ಬಿದ್ದರೆ ಬರೀ ವರ್ಷ ಹೋಗುವುದಲ್ಲ, ಬೇರೆಯದೇ ಸಿಲಬಸ್ಸಿನ ಬ್ಯಾಚಿಗೆ ಹೋಗಿ ಬೀಳಬಹುದು.

ಸೇರಿದ ಮೊದಲ ವಾರಗಳಲ್ಲೇ ಬೇಡ ಅನಿಸಿದರೆ ಆಗಲೇ ಬಿಡಿ. ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2018ರಲ್ಲಿ ಹೊರಡಿಸಿದ ನಿಯಮದಲ್ಲಿ ಪ್ರವೇಶದ ಕೊನೆಯ ದಿನದ ನಂತರ 15 ದಿನದೊಳಗೆ ಬಿಟ್ಟರೆ ಫೀಸಿನ ಶೇ 80, 30 ದಿನದೊಳಗೆ ಬಿಟ್ಟರೆ ಶೇ 50 ವಾಪಸ್ ಕೊಡಬೇಕು ಅಂತಿತ್ತು. ಅದು ದಾಟಿದರೆ ಏನೂ ಇರಲಿಲ್ಲ. ಒರಿಜಿನಲ್ ಅಂಕಪಟ್ಟಿ ಹಿಡಿದಿಟ್ಟುಕೊಳ್ಳುವ ಹಾಗೂ ಇಲ್ಲ. ನಾನು ಸೇರಿದಾಗ ಈ ನಿಯಮ ಇನ್ನೂ ಬಂದಿರಲಿಲ್ಲ. ಆ ದಿನಗಳು ದಾಟಿದ ಮೇಲೆ ನಡುವೆ ಓಡಿಹೋಗಬೇಡಿ, ಎರಡು ಸೆಮಿಸ್ಟರ್ ಪರೀಕ್ಷೆ ಬರೆದು, ಎಲ್ಲ ಪಾಸು ಮಾಡಿಕೊಂಡು ಹೊರಡಿ.

ಹೊಸ ಕ್ಲಾಸಿನಲ್ಲಿ ಒಬ್ಬರೇ ಆಗಿಬಿಡುತ್ತೇವೆ ಅನ್ನುವವರಿಗೆ ಒಂದು ಮಾತು. ಎಂಜಿನಿಯರಿಂಗ್‌ನಲ್ಲಿ ಡಿಪ್ಲೊಮಾ ಮುಗಿಸಿದವರು ಲ್ಯಾಟರಲ್ ಎಂಟ್ರಿಯಲ್ಲಿ ನೇರ ಮೂರನೇ ಸೆಮಿಸ್ಟರಿಗೇ ಬರುತ್ತಾರೆ. ಆಗ ಕ್ಲಾಸಿನಲ್ಲಿ ಹೊಸ ಮುಖಗಳು ಎಷ್ಟೋ ಇರುತ್ತವೆ. ಐದನೇ ಸೆಮಿಸ್ಟರಿನಲ್ಲಿ ಹೋದರೆ ನಿಜವಾಗಿಯೂ ನೀವೊಬ್ಬರೇ.

ನಮ್ಮ ಅಕ್ಕನ ಮಗಳು ಈಗ ಬಿಕಾಂ ಎರಡನೇ ಸೆಮಿಸ್ಟರ್, ಹುಬ್ಬಳ್ಳಿಯಲ್ಲಿ. ಕಾಲೇಜು ಹಿಡಿಸಿಲ್ಲ. ಮೊನ್ನೆ ಫೋನ್ ಮಾಡಿ, "ಚಿಕ್ಕಮ್ಮಾ, ಇನ್ನೊಂದು ವರ್ಷ ನೋಡ್ಲಾ?" ಅಂದಳು. ಬಾಕಿ ಏನೂ ಇಲ್ಲ ಅನ್ನುವ ನೋ ಡ್ಯೂ ಫಾರಂ ಇವತ್ತೇ ತಗೋ, ಲೈಬ್ರರಿ ಪುಸ್ತಕ ಇವತ್ತೇ ವಾಪಸ್ ಕೊಡು ಅಂದೆ.

ವಿರೋಧ: ಸ್ವಲ್ಪ ತಡೆಯಿರಿ

ನನಗೆ ವಿರೋಧ ಬರೆಯಿರಿ ಎಂದು ಕೇಳಿದ್ದಾರೆ. ನಾನು ಪೂರ್ತಿ ವಿರೋಧಿ ಅಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಚಿತ್ರದುರ್ಗದಲ್ಲಿ ಬಹಳ ವರ್ಷ ಬಿಕಾಂ ಹುಡುಗರಿಗೆ ಅಕೌಂಟೆನ್ಸಿ ಪಾಠ ಮಾಡಿದವನು. ಮನೆಯಲ್ಲಿ ತಂದೆ ತಾಯಿಗೆ ಹುಷಾರಿಲ್ಲ, ಊರಿನ ಹತ್ತಿರ ಇರಬೇಕು ಎಂದು ಬಂದವರಿಗೆ ಒಂದು ದಿನವೂ ಕಾಯಿಸದೆ ಟಿಸಿ ಕೊಡಿಸಿದ್ದೇನೆ.

ಆದರೆ ಮೊದಲ ವರ್ಷ ಮುಗಿದ ಕೂಡಲೇ ಎಲ್ಲರೂ ಗಂಟುಮೂಟೆ ಕಟ್ಟಿ ಅನ್ನುವುದು ಸರಿಯಲ್ಲ. ಕಾಲೇಜೇನು ಬಸ್ ಸೀಟಾ, ಹಿಡಿಸಲಿಲ್ಲ ಅಂತ ಎದ್ದು ಬೇರೆ ಕಡೆ ಕೂರಲಿಕ್ಕೆ? ಸ್ಕಾಲರ್‌ಶಿಪ್ಪಿನ ವಿವರ ಬದಲಾಗಬೇಕು, ಹಾಸ್ಟೆಲ್ ಸೀಟು ಬಿಟ್ಟರೆ ಹೊಸ ಊರಿನಲ್ಲಿ ಮತ್ತೆ ಅರ್ಜಿ, ಸಿಗುತ್ತದೆ ಎಂಬ ಖಾತ್ರಿ ಇಲ್ಲ. ಹಿಂದುಳಿದ ವರ್ಗದವರಿಗಾಗಿ ಸರ್ಕಾರ ನಡೆಸುವ ಬಿಸಿಎಂ ಹಾಸ್ಟೆಲ್ಲನ್ನೇ ನಂಬಿ ಓದುವ ಹುಡುಗನಿಗೆ ಇದು ಸಣ್ಣ ವಿಷಯ ಅಲ್ಲ. ಸಿಲಬಸ್ ಹೊಂದುವುದು ಬಿಡುವುದು ಆಫೀಸಿನವರ ಕೆಲಸ, ಅದನ್ನು ಅವರು ನೋಡಿಕೊಳ್ಳುತ್ತಾರೆ.

ನನಗೆ ನೆನಪಾಗುವುದು ಒಬ್ಬ ಹುಡುಗ. ಮೊಳಕಾಲ್ಮೂರು ಕಡೆಯವನು, ಮನೆಯಲ್ಲಿ ರೇಷ್ಮೆ ಸೀರೆಯ ಮಗ್ಗ. ಎರಡನೇ ಸೆಮಿಸ್ಟರ್ ಮುಗಿಯುವ ಮೊದಲೇ ಬಂದ. "ಸಾರ್, ಟಿಸಿ ಬೇಕು. ಈ ಕಾಲೇಜಲ್ಲಿ ಏನೂ ಅರ್ಥ ಆಗಲ್ಲ." ಕೂರಿಸಿ ಒಂದು ಲೆಕ್ಕ ಕೊಟ್ಟೆ. ಕನ್ನಡದಲ್ಲಿ ಕೇಳಿದರೆ ಖರ್ಚು ಯಾವುದು ಜಮಾ ಯಾವುದು ಅಂತ ಥಟ್ಟನೆ ಹೇಳಿದ. ಅದೇ ಲೆಕ್ಕವನ್ನು ಇಂಗ್ಲಿಷಿನಲ್ಲಿ ಕೊಟ್ಟೆ. ಸವಕಳಿ ಅಂದರೆ ಏನು ಅಂತ ಗೊತ್ತಿದ್ದ ಹುಡುಗ, ಅದಕ್ಕೇ ಇಂಗ್ಲಿಷಿನಲ್ಲಿ ಹೇಳುವ ಡಿಪ್ರಿಸಿಯೇಷನ್ ಅನ್ನುವ ಪದದ ಮುಂದೆ ಪೆನ್ನು ನಿಲ್ಲಿಸಿಬಿಟ್ಟ. ಪಿಯುಸಿವರೆಗೂ ಕನ್ನಡದಲ್ಲಿ ಓದಿದವನು. ಅವನ ಕಷ್ಟ ನಮ್ಮ ಕಾಲೇಜಲ್ಲ, ಭಾಷೆ. ದಾವಣಗೆರೆಗೆ ಹೋದರೂ ಅದೇ ಡಿಪ್ರಿಸಿಯೇಷನ್ ತಾನೇ ಇರುವುದು, ಅಲ್ವಾ?

ಒಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ನಡುವೆ ಗೆರೆ ಎಳೆದು ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್ ಬರೆಯಲು ಹೇಳಿದೆ. ದಿನಕ್ಕೆ ಐದು ಪದ. ಮೂರನೇ ಸೆಮಿಸ್ಟರಿನಲ್ಲಿ ಆ ಪುಸ್ತಕ ಕ್ಲಾಸಿನಲ್ಲಿ ಕೈಯಿಂದ ಕೈಗೆ ಓಡಾಡುತ್ತಿತ್ತು. ಅವನು ಟಿಸಿಗೆ ಬರೆದ ಅರ್ಜಿ ನನ್ನ ಡ್ರಾಯರಿನಲ್ಲೇ ಇತ್ತು. ಅವನು ಕೇಳಲಿಲ್ಲ, ನಾನೂ ತೆಗೆಯಲಿಲ್ಲ.