ಯಾವ ಊರಿನೋಳು ಆ ಹುಡುಗಿ?

ಟಿವಿಯಲ್ಲಿ ಹೊಸ ಮುಖ ಕಂಡರೆ ನಮ್ಮಮ್ಮ ಮೊದಲು ಕೇಳುವುದು ಒಂದೇ ಪ್ರಶ್ನೆ. “ಯಾವ ಊರಿನೋಳ್ಲಾ ಆ ಹುಡುಗಿ?” ಸುದ್ದಿ ಏನು ಅನ್ನುವುದು ಆಮೇಲೆ. 2023ರ ಜುಲೈನಲ್ಲಿ ಕನ್ನಡದ ಒಂದು ಸುದ್ದಿ ಚಾನೆಲ್‌ನಲ್ಲಿ ‘ಸೌಂದರ್ಯ’ ಅನ್ನುವ ನಿರೂಪಕಿ ಬಂದಳು. ಮನುಷ್ಯಳಲ್ಲ, ಕಂಪ್ಯೂಟರ್ ಹುಟ್ಟಿಸಿದ ಗೊಂಬೆ. ಆ ತುಣುಕನ್ನು ಅಮ್ಮನಿಗೆ ವಾಟ್ಸ್ಆ್ಯಪ್ ಮಾಡಿದೆ. ಅದೇ ಪ್ರಶ್ನೆ ಬಂತು. ಯಾವ ಊರಿನವಳೂ ಅಲ್ಲ ಕಣಮ್ಮ, ಎಐ ಅಂದೆ.

“ಹಂಗಾದ್ರೆ ನಮ್ಮೂರ್ ಸುದ್ದಿ ಅವಳಿಗೇನ್ ಗೊತ್ತಾಯ್ತದೆ?”

ನಗು ಬಂತು. ಆಮೇಲೆ ಅನ್ನಿಸಿತು, ಅಮ್ಮ ಇದೇ ಪ್ರಶ್ನೆಯನ್ನು ಬೆಂಗಳೂರಿನ ಸ್ಟುಡಿಯೋದಲ್ಲಿ ಕೂತವರನ್ನೂ ಕೇಳಬಹುದಿತ್ತಲ್ವಾ?

ಅಮ್ಮ ಇರುವುದು ಮಂಡ್ಯದ ಸುಭಾಷ್ ನಗರದಲ್ಲಿ. ನಾನು ಫಿಲಡೆಲ್ಫಿಯಾದ ಹತ್ತಿರ ಬಂದು ಸೇರಿ ಹದಿಮೂರು ಹದಿನಾಲ್ಕು ವರ್ಷ ಆಯಿತು. ಇಲ್ಲಿಗೆ ಬಂದಾಗ ನನಗೆ ಆಶ್ಚರ್ಯ ಆಗಿದ್ದು ದೊಡ್ಡ ಕಟ್ಟಡ, ದೊಡ್ಡ ರಸ್ತೆ ನೋಡಿ ಅಲ್ಲ. ಟಿವಿ ನೋಡಿ. ಸಿಎನ್‌ಎನ್ ಅಂದರೇನೇ ಅಮೆರಿಕದ ಸುದ್ದಿ ಅಂದುಕೊಂಡು ಬಂದವನು ನಾನು. ಇಲ್ಲಿ ನೋಡಿದರೆ ಊರಿಗೇ ಸ್ವಂತ ಟಿವಿ ಸ್ಟೇಷನ್‌ಗಳು. ಒಂದಲ್ಲ, ನಾಲ್ಕೈದು. ಟಿವಿ ಲೆಕ್ಕದಲ್ಲಿ ಇಡೀ ದೇಶವನ್ನು 210 ಸೀಮೆಗಳಾಗಿ ಹಂಚಿಕೊಂಡಿದ್ದಾರೆ. ಒಂದೊಂದು ಸೀಮೆಗೂ ಅದರದೇ ಸುದ್ದಿ, ಅದರದೇ ಮಳೆ ಬಿಸಿಲು, ಅದರದೇ ಟ್ರಾಫಿಕ್. ಬೆಳಿಗ್ಗೆ ಸ್ಕೂಲ್ಕಿಲ್ ಎಕ್ಸ್‌ಪ್ರೆಸ್‌ವೇನಲ್ಲಿ ಎಲ್ಲಿ ಗಾಡಿ ನಿಂತಿದೆ ಅಂತ ಹೇಳುತ್ತಾರೆ. ನಾನು ಆ ರಸ್ತೆಯಲ್ಲೇ ಕೆಲಸಕ್ಕೆ ಹೋಗಬೇಕು.

ಹಿಮ ಬೀಳುವ ದಿನ ಪರದೆಯ ಕೆಳಗೆ ರಜೆ ಕೊಟ್ಟ ಶಾಲೆಗಳ ಪಟ್ಟಿ ಓಡುತ್ತದೆ. ಮಗಳು ಐದು ಗಂಟೆಗೇ ಎದ್ದು ಕಂಬಳಿ ಹೊದ್ದು ಟಿವಿ ಮುಂದೆ ಕೂರುತ್ತಾಳೆ. ಬೇರೆ ದಿನ ಏಳಕ್ಕೂ ಏಳುವವಳಲ್ಲ. ಇರುವುದು ಅಪ್ಪರ್ ಡಾರ್ಬಿಯಲ್ಲಿ, ಅಕ್ಷರ ‘ಯು’. ಎ ಇಂದ ಶುರುವಾಗಿ ಎಲ್ಲರದೂ ಮುಗಿದ ಮೇಲೆ ನಮ್ಮದು. ನಾಲೆಯ ಕೊನೆ ಭಾಗದ ರೈತರ ಪಾಡು. ಕಾದು ಕಾದು, ಇನ್ನೇನು ಬಂತು ಅನ್ನುವಷ್ಟರಲ್ಲಿ ಜಾಹೀರಾತು.

ಈ ಊರಿಗೂ ಟಿವಿ ಸುದ್ದಿಗೂ ಹಳೆಯ ನಂಟು. ಮೊದಲೆಲ್ಲ ಒಬ್ಬನೇ ಕೂತು ಎಲ್ಲ ಸುದ್ದಿಯನ್ನೂ ಓದುವುದು ರೂಢಿಯಾಗಿತ್ತು. 1965ರಲ್ಲಿ ಇಲ್ಲಿನ ಕೆವೈಡಬ್ಲ್ಯೂ ಸ್ಟೇಷನ್‌ನಲ್ಲಿ ಆಲ್ ಪ್ರೈಮೋ ಅನ್ನುವವರು ಅದನ್ನು ಬದಲಾಯಿಸಿದರು. ಹೋಗಿ ನೋಡಿದ ವರದಿಗಾರನೇ ತೆರೆಯ ಮೇಲೆ ಬಂದು ಹೇಳಲಿ ಅಂದರು. ‘ಐವಿಟ್ನೆಸ್ ನ್ಯೂಸ್’ ಅಂತ ಹೆಸರಿಟ್ಟರು. ಕಣ್ಣಾರೆ ಕಂಡ ಸುದ್ದಿ. ಐದು ವರ್ಷಕ್ಕೆ ಪಕ್ಕದ ಚಾನೆಲ್ ಆರು ‘ಆ್ಯಕ್ಷನ್ ನ್ಯೂಸ್’ ಶುರು ಮಾಡಿತು. ಚುಟುಕು ಸುದ್ದಿ, ಚಕಚಕ ಅಂತ ಒಂದರ ಹಿಂದೆ ಒಂದು. ಎರಡೂ ದೇಶದ ತುಂಬಾ ಹಬ್ಬಿದವು. ಯಾವ ಊರಿಗೆ ಹೋದರೂ ಅದೇ ಮೇಜು, ಅದೇ ನಗು, ಅದೇ ಹೆಸರು. ವೇಷ ಒಂದೇ ಆದರೂ ಊರು ಮಾತ್ರ ಬೇರೆ ಬೇರೆ ಇತ್ತು.

ಚಾನೆಲ್ ಆರರ ಶುರುವಿನ ಹಾಡು 1972ರಿಂದಲೂ ಅದೇ. 1996ರಲ್ಲಿ ದೊಡ್ಡ ವಾದ್ಯವೃಂದ ಕೂರಿಸಿ ಅದನ್ನೇ ಹೊಸದಾಗಿ ನುಡಿಸಿದರು. ಜನ ಫೋನ್ ಮಾಡಿ ಮಾಡಿ ಬೈದರು. ಕೆಲವೇ ದಿನಕ್ಕೆ ಹಳೆಯದು ವಾಪಸ್ ಬಂತು. ಅಲ್ಲಿ ಜಿಮ್ ಗಾರ್ಡ್ನರ್ ಅಂತ ಒಬ್ಬರಿದ್ದರು. 1977ರಿಂದ 2022ರ ಡಿಸೆಂಬರ್ ತನಕ ಅದೇ ಸ್ಟೇಷನ್‌ನಲ್ಲಿ ಸುದ್ದಿ ಓದಿದರು. ನಮ್ಮ ಪಕ್ಕದ ಮನೆಯ ಅಜ್ಜಿಗೆ ಅವರು ಹೆಚ್ಚುಕಮ್ಮಿ ತಮ್ಮನ ಹಾಗೆ. ಕೊನೆಯ ದಿನ ಕಣ್ಣೊರೆಸಿಕೊಂಡರಂತೆ. ಅಮ್ಮನ ಪ್ರಶ್ನೆ ಇಲ್ಲಿ ಹಾಕಿದರೆ ಉತ್ತರ ತಮಾಷೆಯಾಗಿದೆ. ಗಾರ್ಡ್ನರ್ ಹುಟ್ಟಿದ್ದು ನ್ಯೂಯಾರ್ಕ್‌ನಲ್ಲಿ. ಬಂದವರು ಉಳಿದರು, ಉಳಿದು ಈ ಊರಿನವರೇ ಆದರು.

ಈಗ ಆ ಉಳಿಯುವುದೇ ಕಮ್ಮಿಯಾಗುತ್ತಿದೆ. ನೂರು ಇನ್ನೂರು ಸ್ಟೇಷನ್‌ಗಳು ಒಂದೊಂದು ಕಂಪನಿಯ ಕೈಯಲ್ಲಿವೆ. 2018ರಲ್ಲಿ ಸಿಂಕ್ಲೇರ್ ಕಂಪನಿಯ ಸ್ಟೇಷನ್‌ಗಳಲ್ಲಿ ಆ್ಯಂಕರ್‌ಗಳೆಲ್ಲ ಮೇಲಿನಿಂದ ಬಂದ ಒಂದೇ ಬರಹವನ್ನು ಓದಿದರು. ಯಾರೋ ಆ ತುಣುಕುಗಳನ್ನು ಒಟ್ಟಿಗೆ ಜೋಡಿಸಿ ಹಾಕಿದ್ದರು. ಹತ್ತಾರು ಊರು, ಹತ್ತಾರು ಬಾಯಿ, ಮಾತು ಒಂದೇ. ಮಗ್ಗಿ ಹೇಳಿದ ಹಾಗಿತ್ತು. 2025ರ ಜನವರಿಯಲ್ಲಿ ಇನ್ನೊಂದು ಕಂಪನಿ, ಅಲೆನ್ ಮೀಡಿಯಾ, ತನ್ನ ಸ್ಟೇಷನ್‌ಗಳ ಹವಾಮಾನದವರನ್ನು ಮನೆಗೆ ಕಳಿಸಿ ಎಲ್ಲ ಊರಿನ ಮಳೆಯನ್ನೂ ಅಟ್ಲಾಂಟಾದಿಂದಲೇ ಹೇಳಿಸಲು ಹೊರಟಿತು. ಜನ ರೇಗಿದರು. ಕಂಪನಿ ಹಿಂದೆ ಸರಿಯಬೇಕಾಯಿತು. ಸುಂಟರಗಾಳಿ ಬಂದಾಗ ಯಾವ ಬೀದಿಯವರು ನೆಲಮಾಳಿಗೆಗೆ ಇಳಿಯಬೇಕು ಅನ್ನುವುದನ್ನು ಆ ಬೀದಿಯಲ್ಲಿ ಓಡಾಡಿದವನ ಬಾಯಿಂದ ಕೇಳಬೇಕು ಅನ್ನುವುದು ಅವರ ವಾದ. ನ್ಯಾಯವಾದದ್ದೇ.

ಇದನ್ನೆಲ್ಲ ಇಲ್ಲಿಯವರು ಹೊಸ ಕಾಯಿಲೆ ಅನ್ನುವ ಹಾಗೆ ಮಾತಾಡುತ್ತಾರೆ. ನಾನು ಮಂಡ್ಯದವನು. ನನಗೆ ಇದು ಹಳೆಯದು.

ತೊಂಬತ್ತರ ದಶಕದ ಕೊನೆಯಲ್ಲಿ ನಮ್ಮೂರಲ್ಲೂ ಒಂದು ಟಿವಿ ಸ್ಟೇಷನ್ ಇತ್ತು ಅಂದರೆ ಇಲ್ಲಿಯವರು ನಂಬುವುದಿಲ್ಲ. ಕೇಬಲ್‌ನವನ ಅಂಗಡಿಯ ಮಹಡಿ ಮೇಲೆ ಒಂದು ರೂಮು. ಮದುವೆ ವೀಡಿಯೊ ತೆಗೆಯುವ ಕ್ಯಾಮೆರಾ, ಒಂದು ಟ್ಯೂಬ್‌ಲೈಟ್, ಹಿಂದೆ ಗೋಡೆಗೆ ನೀಲಿ ಬಟ್ಟೆ, ಮೇಜಿನ ಮೇಲೆ ಪ್ಲಾಸ್ಟಿಕ್ ಹೂವು. ರಾತ್ರಿ ಎಂಟಕ್ಕೆ ಸುದ್ದಿ. ಓದುತ್ತಿದ್ದವರು ಒಬ್ಬ ಕನ್ನಡ ಮೇಷ್ಟ್ರು. ಒಂದು ಸಾಲು ಓದಿ, ತಲೆ ಎತ್ತಿ ನಮ್ಮನ್ನು ನೋಡಿ, ಮತ್ತೆ ಕಾಗದಕ್ಕೆ ಇಳಿಯುತ್ತಿದ್ದರು. ಕನ್ನಡಕದಲ್ಲಿ ಟ್ಯೂಬ್‌ಲೈಟ್ ಎರಡು ಬಿಳಿ ಗೆರೆಯಾಗಿ ಕಾಣುತ್ತಿತ್ತು. ಪಕ್ಕದ ಮನೆಯ ಕುಕ್ಕರ್ ಕೂಗಿದರೆ ಅದೂ ನಮಗೆ ಕೇಳುತ್ತಿತ್ತು. ಅಮ್ಮ “ಅವ್ರ ಮನೇಲಿ ಮೂರು ಕೂಗಾಯ್ತು, ನಮ್ದಿನ್ನೂ ಇಟ್ಟಿಲ್ಲ” ಅಂತ ಏಳುತ್ತಿದ್ದಳು.

ಆದರೆ ಆ ಹದಿನೈದು ನಿಮಿಷದಲ್ಲಿ ಏನಿರುತ್ತಿತ್ತು ಗೊತ್ತಾ? ಕೆ.ಆರ್.ಎಸ್. ಮಟ್ಟ ಎಷ್ಟು ಅಡಿ, ಒಳಹರಿವು ಎಷ್ಟು, ಹೊರಹರಿವು ಎಷ್ಟು. ವಿ.ಸಿ. ನಾಲೆಗೆ, ಅಂದರೆ ವಿಶ್ವೇಶ್ವರಯ್ಯ ನಾಲೆಗೆ, ನೀರು ಯಾವತ್ತು ಬಿಡುತ್ತಾರೆ, ಯಾವತ್ತು ನಿಲ್ಲಿಸುತ್ತಾರೆ. ಅಚ್ಚು ಬೆಲ್ಲದ ಧಾರಣೆ. ನಾಳೆ ಯಾವ ಬಡಾವಣೆಗೆ ಕರೆಂಟ್ ಇಲ್ಲ. ಒಮ್ಮೆ ಗುತ್ತಲಿನ ಕಡೆ ಒಂದು ಎಮ್ಮೆ ತಪ್ಪಿಸಿಕೊಂಡಿದ್ದನ್ನೂ ಓದಿದರು. ಬಲಗೊಂಬು ಮುರಿದಿದೆ ಅಂತ ಗುರುತು ಹೇಳಿದರು.

ಮೇಷ್ಟ್ರನ್ನು ಹೊಗಳಿ ಅಟ್ಟಕ್ಕೇರಿಸುತ್ತಿಲ್ಲ. ಹುಟ್ಟುಹಬ್ಬದ ಶುಭಾಶಯದ ಜಾಹೀರಾತು ಕೊಟ್ಟ ಕೌನ್ಸಿಲರ್ ಮೇಲೆ ಒಂದೇ ಒಂದು ಸುದ್ದಿ ಅವರ ಬಾಯಲ್ಲಿ ಬರುತ್ತಿರಲಿಲ್ಲ. ಚರಂಡಿ ತುಂಬಿ ಹರಿದರೆ ಅದಕ್ಕೆ ಮಳೆ ಕಾರಣ ಆಗುತ್ತಿತ್ತು, ನಗರಸಭೆ ಅಲ್ಲ. ಆದರೂ ಬೆಳಿಗ್ಗೆ ಅದೇ ಚರಂಡಿ ದಾಟಿಕೊಂಡೇ ಅವರು ಶಾಲೆಗೆ ಹೋಗಬೇಕಿತ್ತು. ದಾರಿಯಲ್ಲಿ ಯಾರಾದರೂ ನಿಲ್ಲಿಸಿ “ಏನ್ ಮೇಷ್ಟ್ರೇ, ರಾತ್ರಿ ಬೆಲ್ಲದ ರೇಟು ತಪ್ಪು ಓದಿದ್ರಿ” ಅನ್ನಬಹುದಿತ್ತು. ಅನ್ನುತ್ತಿದ್ದರು.

ಆಮೇಲೆ ಸೆಟ್‌ಟಾಪ್ ಬಾಕ್ಸ್ ಬಂತು. ಮೈಸೂರಿಗೆ 2013ರ ಮಾರ್ಚ್ 31ರ ಗಡುವು ಇತ್ತು. ಮಂಡ್ಯದ ಸರದಿ ಅದರ ಆಚೆಗೆ. ಹಳೆಯ ಕೇಬಲ್‌ನಲ್ಲಿ ಆಪರೇಟರ್ ತನ್ನ ರೂಮಿನಲ್ಲೇ ಒಂದು ವಿಸಿಆರ್ ಅನ್ನೋ ಡಿವಿಡಿ ಪ್ಲೇಯರನ್ನೋ ವೈರಿಗೆ ಸಿಕ್ಕಿಸಿದರೆ ಒಂದು ಚಾನೆಲ್ ರೆಡಿ. ಡಿಜಿಟಲ್ ಆದ ಮೇಲೆ ಸಿಗ್ನಲ್ ದೊಡ್ಡ ಕಂಪನಿಯ ಕಡೆಯಿಂದ ಬೀಗ ಹಾಕಿಕೊಂಡೇ ಬರುತ್ತದೆ. ನಡುವೆ ಏನನ್ನೂ ತೂರಿಸುವ ಹಾಗಿಲ್ಲ. ಜಾಗ ಬೇಕೆಂದರೆ ಅವರನ್ನೇ ಕೇಳಬೇಕು, ದುಡ್ಡು ಕಟ್ಟಬೇಕು. ಮೈಸೂರಿನಂಥ ದೊಡ್ಡ ಊರಲ್ಲಿ ಕೆಲವರು ಹಾಗೂ ಹೀಗೂ ನಿಭಾಯಿಸಿದರು. ನಮ್ಮ ಮಹಡಿ ರೂಮಿನ ಸ್ಟೇಷನ್ ಹೋಯಿತು. ಚಿತ್ರ ಕನ್ನಡಿಯ ಹಾಗೆ ಚೊಕ್ಕವಾಯಿತು, ಊರು ಕಾಣೆಯಾಯಿತು.

ಉಳಿದದ್ದು ಬೆಂಗಳೂರಿನಿಂದ ಬರುವ ಇಪ್ಪತ್ನಾಲ್ಕು ಗಂಟೆಯ ಚಾನೆಲ್‌ಗಳು. ಆ್ಯಂಕರ್‌ಗಳ ಕಿರುಚಾಟದ ಬಗ್ಗೆ ಎಲ್ಲರೂ ಬೈಯುತ್ತಾರೆ, ಅದು ಬಿಡಿ. ನಮ್ಮ ಸಂತೆಯಲ್ಲೂ ಕಿರುಚುತ್ತಾರೆ, ಯಾರೂ ಸಾಯುವುದಿಲ್ಲ. ನನ್ನ ತಕರಾರು ಇರುವುದು ಊರಿಗೂ ಸ್ಟುಡಿಯೋಗೂ ಇರುವ ದೂರದ ಬಗ್ಗೆ. ಮಂಡ್ಯ ಅಂದರೆ ಅವರಿಗೆ ಒಂದೇ ಶಬ್ದ: ಕಿಚ್ಚು. ‘ಸಕ್ಕರೆ ನಾಡಲ್ಲಿ ಹೊತ್ತಿ ಉರಿದ ಕಾವೇರಿ ಕಿಚ್ಚು’. 2023ರ ಸೆಪ್ಟೆಂಬರ್ 23ರ ಮಂಡ್ಯ ಬಂದ್ ದಿನ ನಾನು ಊರಲ್ಲೇ ಇದ್ದೆ. ಮಧ್ಯಾಹ್ನ ಸಂಜಯ ಸರ್ಕಲ್ ಕಡೆ ನಡೆದು ಹೋದೆ. ಒಂದು ಕ್ಯಾಮೆರಾದ ಮುಂದೆ ಟೈರಿಗೆ ಬೆಂಕಿ. ಹತ್ತು ಹೆಜ್ಜೆ ಆಚೆ ನೆರಳಲ್ಲಿ ರೈತರು ಎಲೆ ಅಡಿಕೆ ಹಾಕುತ್ತಾ ಕೂತಿದ್ದರು. ಮನೆಗೆ ಬಂದು ಟಿವಿ ಹಾಕಿದರೆ ಆ ಟೈರು ನಾಲ್ಕು ಕಿಟಕಿಯಲ್ಲಿ ಉರಿಯುತ್ತಿತ್ತು. “ಸದ್ಯಕ್ಕೆ ಮಂಡ್ಯದಲ್ಲಿ ವಾತಾವರಣ ಹೇಗಿದೆ?” ಅಂತ ಸ್ಟುಡಿಯೋದಿಂದ ಕೇಳಿದರು. ನೆರಳಲ್ಲಿ ಕೂತವರಿಗೆ ಬೇಕಾಗಿದ್ದು ಇನ್ನೊಂದು ಕಟ್ಟು ನೀರು ಸಿಗುತ್ತದಾ, ಪೈರು ಉಳಿಯುತ್ತದಾ ಅನ್ನುವುದು. ಅದನ್ನು ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ.

ಮೈಸೂರಿಗಾದರೂ ವರ್ಷಕ್ಕೊಮ್ಮೆ ಆನೆ ಇದೆ. ಮಂಡ್ಯಕ್ಕೆ ಗಲಾಟೆಯೇ ದಸರಾ.

ಇನ್ನೊಂದು ದಿನ ಮರೆಯಲು ಆಗುವುದಿಲ್ಲ. 2018ರ ನವೆಂಬರ್ 24, ಶನಿವಾರ. ಬೆಳಿಗ್ಗೆ ಎದ್ದು ಫೋನಿನಲ್ಲಿ ಕನ್ನಡ ಸುದ್ದಿ ಹಾಕಿದೆ. ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸು ವಿ.ಸಿ. ನಾಲೆಗೆ ಬಿದ್ದಿತ್ತು. ಮೂವತ್ತು ಜನ ಹೋದರು, ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳೂ ಅವರಲ್ಲಿದ್ದರು. ಯಾವ ಊರಿನವರು, ಯಾರ ಮಕ್ಕಳು ಅಂತ ಹೆಸರಿನ ಪಟ್ಟಿಗೆ ಕಾಯುತ್ತಾ ಕೂತೆ. ಇಲ್ಲಿ ಮಧ್ಯಾಹ್ನ ಆಗುವ ಹೊತ್ತಿಗೆ, ಅಂದರೆ ಅಲ್ಲಿ ರಾತ್ರಿ, ಅಂಬರೀಷ್ ತೀರಿಕೊಂಡ ಸುದ್ದಿ ಬಂತು. ಅವರೂ ನಮ್ಮ ಜಿಲ್ಲೆಯವರೇ, ದೊಡ್ಡರಸಿನಕೆರೆಯವರು. ಮರುದಿನ ಅವರ ದೇಹವನ್ನು ಮಂಡ್ಯಕ್ಕೆ ತಂದಾಗ ಊರಿಗೆ ಊರೇ ಕ್ರೀಡಾಂಗಣದಲ್ಲಿತ್ತು. ಆ ದುಃಖ ದೊಡ್ಡದೇ, ನನಗೂ ಆಗಿತ್ತು. ಆದರೆ ನಾನು ನೋಡುತ್ತಿದ್ದ ಚಾನೆಲ್‌ನ ಪರದೆಗೆ ಒಂದು ಹೊತ್ತಿಗೆ ಒಂದೇ ಸಾವು ಹಿಡಿಸುತ್ತಿತ್ತು. ಬಸ್ಸು ಕೆಳಗಿನ ಸಾಲಿಗೆ ಇಳಿಯಿತು, ಆಮೇಲೆ ಅಲ್ಲೂ ಕಾಣಲಿಲ್ಲ. ಪಟ್ಟಿ ಸಿಕ್ಕಿದ್ದು ಅಮ್ಮನ ಫೋನಿನಲ್ಲಿ. ಊರಿಗೊಂದು ಸ್ಟೇಷನ್ ಇದ್ದಿದ್ದರೆ ಎರಡಕ್ಕೂ ಜಾಗ ಸಿಗುತ್ತಿತ್ತು.

ಸೋಜಿಗ ಅಂದರೆ ಊರಿಗೊಂದು ಸ್ಟೇಷನ್ ಅನ್ನುವುದು ನಮ್ಮ ಕಡೆಗೆ ಹೊಸದೇನಲ್ಲ. 1935ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಒಂದು ಪುಟ್ಟ ರೇಡಿಯೊ ಶುರು ಮಾಡಿದರು. 30 ವ್ಯಾಟ್‌ನ ಯಂತ್ರ. ಮನೆಯ ಬಲ್ಬಿಗೂ ಅದಕ್ಕಿಂತ ಜಾಸ್ತಿ ಶಕ್ತಿ ಇರುತ್ತಿತ್ತು. ‘ಆಕಾಶವಾಣಿ’ ಅನ್ನುವ ಹೆಸರನ್ನು ದೇಶದ ರೇಡಿಯೊ ಆಮೇಲೆ ಇಟ್ಟುಕೊಂಡಿತು. ಮೈಸೂರಿನ ಮನೆಯೊಂದರಲ್ಲಿ ಬಳಕೆಗೆ ಬಂದ ಹೆಸರು ದೆಹಲಿಗೆ ಹೋಯಿತು. ನಾವು ಈಗ ನಮ್ಮ ನಾಲೆಯ ಸುದ್ದಿಗೆ ಬೆಂಗಳೂರಿನ ಕಡೆ ಕಿವಿ ಕೊಟ್ಟು ಕೂತಿದ್ದೇವೆ.

ಮಾತಿನದೂ ಒಂದು ಕತೆ. ಟಿವಿಯಲ್ಲಿ ಮಂಡ್ಯದ ಮಾತು ಬರುವುದು ಕಾಮಿಡಿ ಶೋನಲ್ಲಿ, ಇಲ್ಲವೇ ಮೈಕ್ ಹಿಡಿದಾಗ ಬೈಯುವ ಅಜ್ಜಿಯ ಬಾಯಲ್ಲಿ. ಸುದ್ದಿ ಓದುವವರಲ್ಲಿ ಅಲ್ಲ. ಅಮೆರಿಕದಲ್ಲೂ ಇದೇ ಹಾಡು, ಸ್ಟೇಷನ್ ಸೇರಿದ ಹುಡುಗರು ಮೊದಲು ಕಳೆದುಕೊಳ್ಳುವುದು ಊರಿನ ರಾಗವನ್ನೇ. ಎರಡೂ ಕಡೆ ‘ಶುದ್ಧ’ ಅಂದರೆ ಯಾವ ಊರಿನದೂ ಅಲ್ಲದ್ದು. ಆ ಎಐ ಗೊಂಬೆ ‘ಸೌಂದರ್ಯ’ ಹುಟ್ಟಿದ್ದು ಸುಮ್ನೆ ಅಲ್ಲ ಬಿಡಿ.

ಈಗ ಊರಿನ ಸುದ್ದಿ ಮೊಬೈಲಿಗೆ ಬಂದಿದೆ. ಒಂದು ಫೋನು, ಒಂದು ಕೋಲು, ತಾನೇ ಹೆಸರು ಬರೆದು ಅಂಟಿಸಿದ ಮೈಕು. ಇವರಲ್ಲಿ ಕೆಲವರು ಕ್ಯಾಮೆರಾ ತೋರಿಸಿ ಅಂಗಡಿಯವರ ಹತ್ತಿರ ದುಡ್ಡು ಕೀಳುತ್ತಾರೆ ಅನ್ನುವ ದೂರು ಊರಲ್ಲಿ ಎಲ್ಲರ ಬಾಯಲ್ಲೂ ಇದೆ. ಯಾರು ಕೀಳುವವರು, ಯಾರು ನೆಟ್ಟಗಿನವರು ಅಂತ ದೂರದಿಂದ ಹೇಳುವುದು ಕಷ್ಟ. ಹಾಗಂತ ಬಿಟ್ಟುಬಿಡಲೂ ಮನಸ್ಸಿಲ್ಲ.

ಹೋದ ವರ್ಷ ಅಮ್ಮ ಒಂದು ವೀಡಿಯೊ ಕಳಿಸಿದ್ದಳು. ನಾಲ್ಕು ನಿಮಿಷದ್ದು. ಒಬ್ಬ ಹುಡುಗ ಒಣಗಿದ ನಾಲೆಯ ಏರಿ ಮೇಲೆ ನಿಂತಿದ್ದಾನೆ. ಮೈಕಿನಲ್ಲಿ ಬರೀ ಗಾಳಿ. ಹಿಂದೆ ಸಂಗೀತ ಇಲ್ಲ, ಕಿಚ್ಚು ಇಲ್ಲ. “ನೀರ್ ಬಿಟ್ಟವ್ರೆ, ಇನ್ನೂ ಇಲ್ಲಿಗ್ ಬಂದಿಲ್ಲ, ನೋಡ್ತಾ ಇರಿ” ಅಂತ ಹೇಳಿ ಸುಮ್ಮನಾದ. ಅರ್ಧ ನಿಮಿಷ ನಾಲೆ ಮಾತ್ರ ಕಾಣುತ್ತದೆ. ಆಮೇಲೆ ದೂರದಿಂದ ಕಸ ಕಡ್ಡಿ, ಒಂದು ಹರಿದ ಚಪ್ಪಲಿ, ನೊರೆ, ಇವನ್ನೆಲ್ಲ ಮುಂದೆ ತಳ್ಳಿಕೊಂಡು ನೀರಿನ ತಲೆ ನಿಧಾನಕ್ಕೆ ಬಂತು. “ಬಂತು ನೋಡಿ, ಮೊಣಕಾಲುದ್ದ ಅದೆ” ಅಂದ.

ಅಮ್ಮನಿಗೆ ಫೋನ್ ಮಾಡಿದೆ. ಯಾರಮ್ಮ ಈ ಹುಡುಗ ಅಂದೆ.

“ಹೆಸ್ರು ಗೊತ್ತಿಲ್ಲ ಕಣ್ಲಾ. ಪಾಂಡವಪುರದ ಕಡೆಯವ್ನು ಇರ್ಬೇಕು. ನಿಮ್ ಮಾವನಿಗೂ ಕಳ್ಸಿದೀನಿ, ಅವ್ರ ತೂಬಿಗೆ ಬರಾಕೆ ಇನ್ನೆರಡು ದಿನ ಆಯ್ತದಂತೆ.”